ಸಾವಿರದೈನೂರು ಹನ್ನೆರಡು ಲಕ್ಷವಾದ ಬಗೆ: ಒಂದು ಶಾಸ್ತ್ರೀಯ ವಿಚಾರ

ಪೀಠಿಕೆ

ಶಾಮಿಯಾನ ಬಾಡಿಗೆ 1200 ರೂಪಾಯಿ. ಸಾಗಣೆ 300 ರೂಪಾಯಿ. ಒಟ್ಟು 1200300 ರೂಪಾಯಿ.

ಪ್ರಸ್ತುತ ಮಂಡನೆಗೆ ಆಧಾರವಾದ ಮೂಲಪಾಠ ಇಷ್ಟೇ. ಒಂದೇ ಹಾಳೆಯ ಈ ಬಿಲ್ಲು ಮೇಲ್ನೋಟಕ್ಕೆ ಅಲ್ಪವೆನಿಸಿದರೂ ಭಾಷ್ಯ, ಟೀಕೆ, ಟಿಪ್ಪಣಿಗಳಿಗೆಲ್ಲ ಎಡೆಕೊಡುವಷ್ಟು ಗಹನವಾದದ್ದು. ಹನ್ನೆರಡು ಲಕ್ಷದ ಮುನ್ನೂರು ಎಂದು ಓದಿಕೊಂಡ ನಾಮಕರಣದ ಮನೆಯವರು ಆ ಕ್ಷಣದಲ್ಲಿ ಆಡಿದ ಮಾತಿಗೆ ಹಲವು ಪಾಠಾಂತರಗಳಿವೆ. ಯಾವುದೂ ಅಚ್ಚಿಗೆ ಯೋಗ್ಯವಲ್ಲದ ಕಾರಣ ಗ್ರಂಥಸಂಪಾದನೆಯ ನಿಯಮದಂತೆ ಎಲ್ಲವನ್ನೂ ಕೈಬಿಟ್ಟಿದ್ದೇನೆ.

ಬಿಲ್ಲಿನ ಕರ್ತೃ ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಕಟ್ಟಿದ ಒಂದು ಫಾರಂ. ಆಕ್ಸೆಸ್ ಮೊದಲು ಹೊರಬಂದದ್ದು 1992ರಲ್ಲಿ. ಅಂದಿನಿಂದ ಗೊಬ್ಬರದ ಅಂಗಡಿ, ನರ್ಸಿಂಗ್ ಹೋಂ, ಟ್ಯುಟೋರಿಯಲ್, ಸಹಕಾರ ಸಂಘ ಎನ್ನದೆ ಎಲ್ಲೆಲ್ಲೂ ಯಾರದೋ ಅಳಿಯನೋ ಭಾವಮೈದುನನೋ ರಜೆಗೆ ಬಂದಾಗ ಕೂತು ಕಟ್ಟಿಕೊಟ್ಟ ಫಾರಂಗಳು ಹುಟ್ಟಿವೆ. ಕಟ್ಟಿದವನು ಆಮೇಲೆ ಬೆಂಗಳೂರು ಸೇರುತ್ತಾನೆ, ಫೋನ್ ಎತ್ತುವುದಿಲ್ಲ. ಆದ್ದರಿಂದ ಈ ಫಾರಂಗಳನ್ನು ಅಪೌರುಷೇಯವೆಂದೇ ಭಾವಿಸಿ ಅರ್ಥ ಹಚ್ಚಬೇಕಾಗುತ್ತದೆ.

ಪೂರ್ವಪಕ್ಷ

ಶಾಮಿಯಾನದ ಅಂಗಡಿಯಲ್ಲಿ ಈ ದೋಷದ ಕುರಿತು ಮೂರು ಮತಗಳು ಪ್ರಚಲಿತ. ವೈರಸ್ ಬಂದಿದೆ ಎಂಬುದು ಒಂದು. ಸಿಸ್ಟಂ ಹಳೆಯದಾಯಿತು ಎಂಬುದು ಎರಡನೆಯದು. ಇದನ್ನು ಪ್ರತಿಪಾದಿಸುವವರು ಸಾಮಾನ್ಯವಾಗಿ ಹೊಸ ಸಿಸ್ಟಂ ಮಾರುವವರು. ಆಫ್ ಮಾಡಿ ಆನ್ ಮಾಡಬೇಕೆಂಬ ಮೂರನೆಯ ಮತಕ್ಕೆ ಅನುಯಾಯಿಗಳು ಹೆಚ್ಚು. ಹಾಗೆ ಮಾಡಿದ ಮೇಲೂ ಒಟ್ಟು ಹನ್ನೆರಡು ಲಕ್ಷದ ಮುನ್ನೂರೇ ಬಂದಾಗ, "ಇನ್ನೊಂದ್ಸಲ ಮಾಡು" ಎನ್ನುವುದು ಅವರ ಉಪಸಿದ್ಧಾಂತ.

ಈ ಮೂರನ್ನೂ ಒಂದೇ ಏಟಿಗೆ ಖಂಡಿಸಿದವರು ಯಾವ ಪಂಡಿತರೂ ಅಲ್ಲ, ಅಂಗಡಿಯ ಯಜಮಾನರು. "ಏನಪ್ಪಾ, ಗುಣಿಸಿದ್ರೆ ಸರಿ ಬರ್ತದೆ, ಕಳೆದ್ರೆ ಸರಿ ಬರ್ತದೆ, ಭಾಗಿಸಿದ್ರೂ ಸರಿ. ಕೂಡಿದ್ರೆ ಮಾತ್ರ ಹಿಂಗಾಡ್ತದಲ್ಲ?" ಎಂದು ಲೆಕ್ಕದ ಹುಡುಗನನ್ನು ಅವರು ಕೇಳಿದ ಆ ಪ್ರಶ್ನೆಯಲ್ಲೇ ಇಡೀ ಶಾಸ್ತ್ರ ಅಡಗಿದೆ.

ಸಿದ್ಧಾಂತ

ಆಕ್ಸೆಸ್‌ನಲ್ಲಿ ಕೂಡುವ ಚಿಹ್ನೆಗೆ ಎರಡು ಉದ್ಯೋಗ. ಎರಡೂ ಬದಿಗೆ ಸಂಖ್ಯೆಗಳಿದ್ದರೆ ಕೂಡುತ್ತದೆ. ಎರಡೂ ಬದಿಗೆ ಅಕ್ಷರಗಳಿದ್ದರೆ ತುದಿಗೆ ತುದಿ ಹಚ್ಚಿ ಅಂಟಿಸುತ್ತದೆ. ಕಳೆಯುವ, ಗುಣಿಸುವ, ಭಾಗಿಸುವ ಚಿಹ್ನೆಗಳಿಗೆ ಇರುವುದು ಒಂದೊಂದೇ ಕಸುಬು. ಆದ್ದರಿಂದ ಅವು ಅಕ್ಷರರೂಪದ ಅಂಕಿ ಸಿಕ್ಕರೂ ಅದನ್ನು ಸಂಖ್ಯೆಯೆಂದೇ ಎಣಿಸಿ ಕೆಲಸ ಮುಗಿಸುತ್ತವೆ. ಫಾರಂನ ಚೌಕ ಯಾವ ಟೇಬಲ್ಲಿನ ಫೀಲ್ಡಿಗೂ ಕಟ್ಟಿಕೊಳ್ಳದೆ ಅನ್‌ಬೌಂಡ್ ಆಗಿದ್ದರೆ, ಅದರಲ್ಲಿ ಒತ್ತಿದ ‘300’ ಮೂರು ಅಕ್ಷರಗಳ ಸಾಲು ಮಾತ್ರ. ಅದಕ್ಕೆ ಮುನ್ನೂರು ಎಂಬ ಅರ್ಥವನ್ನು ಆರೋಪಿಸುತ್ತಿರುವವರು ನಾವು.

ಶಂಕೆ: ಕಣ್ಣಿಗೆ ಎರಡೂ ಒಂದೇ ರೀತಿ ಕಾಣುವಾಗ ಭೇದವನ್ನು ತಿಳಿಯುವುದು ಹೇಗೆ?

ಸಮಾಧಾನ: ಲಕ್ಷಣವೊಂದಿದೆ. ಯಾರೂ ಕೈಯಾಡಿಸದ ಚೌಕದಲ್ಲಿ ಸಂಖ್ಯೆ ಬಲಗೋಡೆಗೆ ಒತ್ತಿಕೊಂಡು ನಿಲ್ಲುತ್ತದೆ, ಅಕ್ಷರ ಎಡಗೋಡೆಗೆ. ನಮ್ಮ ಬಿಲ್ಲಿನ ಫಾರಂನಲ್ಲೂ ಈ ಪ್ರಮಾಣ ಸಿಗಬೇಕಿತ್ತು. ಆದರೆ ಕಟ್ಟಿದವನು ಚೆಂದಕ್ಕೆಂದು ಎಲ್ಲ ಚೌಕಗಳನ್ನೂ ಸೆಂಟರ್ ಅಲೈನ್ ಮಾಡಿ, ಹಿಂದೆ ತಿಳಿಗುಲಾಬಿ ಬಣ್ಣ ಬಳಿದಿದ್ದಾನೆ. ಬಣ್ಣವನ್ನು ಕ್ಷಮಿಸಬಹುದು, ಅಲೈನ್ ಮಾಡಿದ್ದು ಸಾಕ್ಷ್ಯನಾಶ.

ಈ ದೋಷಕ್ಕೆ ಜಾನಪದ ಚಿಕಿತ್ಸೆಗಳೂ ಉಂಟು. ಋಣಋಣ ಸಂಪ್ರದಾಯದವರು ಬಾಡಿಗೆಯಿಂದ ಮೈನಸ್ ಸಾಗಣೆಯನ್ನು ಕಳೆದು ಸರಿಯಾದ ಮೊತ್ತ ಪಡೆಯುತ್ತಾರೆ. ಮುಟ್ಟಿದ್ದನ್ನೆಲ್ಲ ಮೊದಲು ಒಂದರಿಂದ ಗುಣಿಸಿ ಶುದ್ಧಿ ಮಾಡಿಕೊಳ್ಳುವವರೂ ಇದ್ದಾರೆ. ಎರಡೂ ಫಲಿಸುತ್ತವೆ. ಆದರೆ ಹತ್ತು ತಿಂಗಳ ಮೇಲೆ ಅದೇ ಸೂತ್ರವನ್ನು ಓದಿದವನಿಗೆ ಬರೆದವನ ತಲೆ ಸರಿಯಿತ್ತೇ ಎಂಬ ಸಂಶಯ ಹುಟ್ಟುತ್ತದೆ.

ಅತಿ ದೊಡ್ಡ ಮಠವೆಂದರೆ ‘ವ್ಯಾಲ್’ ಎಂಬ ಫಂಕ್ಷನ್ನಿನದು. ಎಡದಿಂದ ಓದುತ್ತಾ ಹೋಗಿ, ಅಂಕಿಯಲ್ಲದ್ದು ಎದುರಾದಲ್ಲಿ ನಿಂತು, ಅಲ್ಲಿವರೆಗೆ ಸಿಕ್ಕದ್ದನ್ನು ಒಪ್ಪಿಸುವುದು ಇದರ ವ್ರತ. ‘500 ರೂ.’ ಎಂದು ಕೊಟ್ಟರೆ 500 ಎನ್ನುತ್ತದೆ. ‘ರೂ. 500’ ಎಂದು ಕೊಟ್ಟರೆ ಸೊನ್ನೆ. ಅಲ್ಪವಿರಾಮವೂ ಅದಕ್ಕೆ ಪೂರ್ಣವಿರಾಮವೇ. ‘1,20,000’ ಎಂದು ನಮ್ಮ ಪದ್ಧತಿಯಂತೆ ಅಚ್ಚುಕಟ್ಟಾಗಿ ಬರೆದುಕೊಟ್ಟರೆ ಒಂದು ರೂಪಾಯಿ ಎಂದು ಹೇಳಿ ಕೈತೊಳೆದುಕೊಳ್ಳುತ್ತದೆ. ಲಕ್ಷದ ಮುಂಗಡ ಒಂದು ರೂಪಾಯಿಯಾದಾಗ ಪರದೆಯ ಮೇಲೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ‘#ಎರರ್’ ಎಂದು ಕೆಟ್ಟದಾಗಿ ಕೂಗಿಕೊಳ್ಳುವ ಚೌಕದ ಬಗ್ಗೆ ನನಗೆ ಗೌರವವಿದೆ. ಅದು ತನಗೆ ತಿಳಿಯದೆಂದು ಒಪ್ಪಿಕೊಳ್ಳುತ್ತದೆ. ಹನ್ನೆರಡು ಲಕ್ಷ ಬಂದರೂ ಯಾರಾದರೂ ಕಿರುಚುತ್ತಾರೆ. ನಾನು ಹೆದರುವುದು ನಂಬುವಂತೆ ಕಾಣುವ ತಪ್ಪಿಗೆ.

ಅಭಾವ ಪ್ರಕರಣ

ಖಾಲಿ ಚೌಕದಲ್ಲಿ ಏನಿದೆ? ಏನೂ ಇಲ್ಲ ಎನ್ನುವವರು ವೈಶೇಷಿಕರನ್ನು ಓದಿಲ್ಲ. ಅವರು ಇಲ್ಲದಿರುವುದನ್ನೂ ಒಂದು ಪದಾರ್ಥವೆಂದು ಎಣಿಸಿ ಅದರಲ್ಲಿ ನಾಲ್ಕು ಬಗೆಯನ್ನು ಗುರುತಿಸಿದ್ದಾರೆ. ನಾಲ್ಕೂ ಆಕ್ಸೆಸ್‌ನಲ್ಲಿ ದೊರೆಯುತ್ತವೆ.

ಮೊದಲನೆಯದು ಪ್ರಾಗಭಾವ, ಇನ್ನೂ ಹುಟ್ಟದಿರುವುದು. ಇದು ನಲ್. ಸಾಗಣೆಯ ಟೆಂಪೋದವನು ದರ ಹೇಳಿಲ್ಲ, ಹುಡುಗ ಚೌಕವನ್ನು ಬಿಟ್ಟಿದ್ದಾನೆ. ನಲ್‌ಗೆ ಏನನ್ನು ಕೂಡಿದರೂ ನಲ್ಲೇ ಬರುವುದರಿಂದ 1200 ರೂಪಾಯಿ ಬಾಡಿಗೆಯೂ ಅದರೊಳಗೆ ಮುಳುಗಿ ಒಟ್ಟು ಖಾಲಿಯಾಗುತ್ತದೆ. 1970ರಲ್ಲಿ ಸಂಬಂಧಾತ್ಮಕ ಡೇಟಾಬೇಸಿನ ತತ್ತ್ವವನ್ನು ಮಂಡಿಸಿದ ಎಡ್ಗರ್ ಕಾಡ್, ಗೊತ್ತಿಲ್ಲದ್ದನ್ನು ಸೊನ್ನೆಯೆಂದು ಬಗೆಯಬಾರದು ಎಂದು ಮುಂದೆ ಹಟ ಹಿಡಿದದ್ದು ಇದಕ್ಕೇ. ನಲ್ ಇದ್ದಲ್ಲಿ ಸೊನ್ನೆಯನ್ನು ತಂದು ಕೂರಿಸುವ ಫಂಕ್ಷನ್ನಿಗೆ ‘ಎನ್‌ಝಡ್’ ಎಂದು ಹೆಸರು. ಎಲ್ಲೆಡೆ ಅದನ್ನೇ ಮೆತ್ತುವ ಉತ್ಸಾಹಿಗಳಿಗೆ ಒಂದು ಮಾತು: ಸಾಗಣೆ ಪುಕ್ಕಟೆ ಎನ್ನುವುದು ಬೇರೆ, ಸಾಗಣೆ ಎಷ್ಟೋ ನೋಡಬೇಕು ಎನ್ನುವುದು ಬೇರೆ. ಗಿರಾಕಿಗೆ ಈ ಭೇದ ಚೆನ್ನಾಗಿ ಗೊತ್ತು.

ಎರಡನೆಯದು ಪ್ರಧ್ವಂಸಾಭಾವ, ಇದ್ದದ್ದು ಅಳಿದುದರಿಂದ ಬಂದದ್ದು. ‘ಕ್ಲಿಯರ್’ ಎಂಬ ಬಟನ್ ಒತ್ತಿದಾಗ ಚೌಕಗಳಿಗೆ ಉದ್ದವಿಲ್ಲದ ಅಕ್ಷರಸಾಲನ್ನು ತುಂಬುವಂತೆ ಕೋಡ್ ಬರೆದಿದ್ದರೆ ಇದು ಸಿದ್ಧಿಸುತ್ತದೆ. ಕಣ್ಣಿಗೆ ನಲ್‌ನಂತೆಯೇ ಖಾಲಿ. ಆದರೆ ಇದು ಅಕ್ಷರಜಾತಿಯ ಶೂನ್ಯ. ಎನ್‌ಝಡ್ ಇದನ್ನು ಮುಟ್ಟುವುದಿಲ್ಲ, ಗುಣಿಸಹೋದರೆ ಎರರ್. ಎನ್‌ಝಡ್ ಹಾಕಿಯೂ ದೋಷ ಹೋಗಲಿಲ್ಲವೆಂದು ರಾತ್ರಿಯಿಡೀ ಕೂತವರ ಪೈಕಿ ಬಹುಪಾಲು ಮಂದಿ ಹುಡುಕುತ್ತಿದ್ದದ್ದು ಈ ಪಿಶಾಚಿಯನ್ನೇ ಎಂದು ನನ್ನ ಊಹೆ.

ಅತ್ಯಂತಾಭಾವವೆಂದರೆ ಎಂದೂ ಎಲ್ಲಿಯೂ ಇಲ್ಲದಿರುವುದು. ಸೂತ್ರದಲ್ಲಿ ‘ಸಾಗಾಣೆ’ ಎಂದು ಬರೆದು, ಚೌಕದ ಹೆಸರು ‘ಸಾಗಣೆ’ ಎಂದಿದ್ದರೆ ಪರದೆಯ ಮೇಲೆ ‘#ನೇಮ್?’ ಎಂಬ ಪ್ರಶ್ನೆ ಮೂಡುತ್ತದೆ. ಅನ್ಯೋನ್ಯಾಭಾವವೆಂದರೆ ಇದು ಅದಲ್ಲ, ಅದು ಇದಲ್ಲ ಎಂಬುದು. ‘300’ ಎಂಬ ಅಕ್ಷರಸಾಲು 300 ಎಂಬ ಸಂಖ್ಯೆಯಲ್ಲ. ಟೆಕ್ಸ್ಟ್ ಫೀಲ್ಡಿನಲ್ಲಿಟ್ಟ ಗಿರಾಕಿ ನಂಬರನ್ನು ಕ್ವೆರಿಯಲ್ಲಿ ಉದ್ಧರಣ ಚಿಹ್ನೆಯಿಲ್ಲದೆ ಹುಡುಕಿದವರಿಗೆ ‘ಡೇಟಾ ಟೈಪ್ ಮಿಸ್‌ಮ್ಯಾಚ್’ ಎಂಬ ವಾಕ್ಯದ ದರ್ಶನವಾಗುವುದು ಇದರಿಂದ.

ಇಲ್ಲಿಯೇ ಆತ್ಮಾಶ್ರಯ ದೋಷವನ್ನೂ ಹೇಳಿಬಿಡಬೇಕು. ಚೌಕಕ್ಕೂ ಫೀಲ್ಡಿನಂತೆ ‘ಮೊತ್ತ’ ಎಂದೇ ಹೆಸರಿಟ್ಟು ಅದರೊಳಗೆ ‘ಮೊತ್ತ’ವನ್ನು ಗುಣಿಸುವ ಸೂತ್ರ ಬರೆದರೆ, ಚೌಕ ಫೀಲ್ಡನ್ನು ಬಿಟ್ಟು ತನ್ನನ್ನೇ ತಾನು ಹುಡುಕಿಕೊಂಡು ಹೋಗಿ ಎರರ್ ಆಗುತ್ತದೆ. ತನ್ನನ್ನೇ ಒಳಗೊಳ್ಳುವ ಗಣಗಳ ಕಾಟ ತಾಳಲಾರದೆ ಬರ್ಟ್ರಂಡ್ ರಸೆಲ್ 1908ರಲ್ಲಿ ಟೈಪ್‌ಗಳ ಸಿದ್ಧಾಂತವನ್ನು ಹೂಡಿದರು. ಆಗ ಅವರ ಮನಸ್ಸಿನಲ್ಲಿ ಶಾಮಿಯಾನ ಇದ್ದಂತಿಲ್ಲ. ಆದರೂ ಚೌಕದ ಹೆಸರನ್ನು ‘ಒಟ್ಟುಮೊತ್ತ_ಚೌಕ’ ಎಂದು ಬದಲಿಸಿದರೆ ರೋಗ ಹೋಗುತ್ತದೆ; ರಸೆಲ್ ಹೇಳಿದ್ದೂ ಹೆಚ್ಚುಕಡಿಮೆ ಅಷ್ಟೇ.

ದೇಶಕಾಲ ವಿಚಾರ

ಇದು ಬಡ ಶಾಮಿಯಾನ ಅಂಗಡಿಗಳ ರೋಗವೆಂದು ಉಪೇಕ್ಷಿಸುವವರಿಗೆ 1996ರ ಜೂನ್ 4ನ್ನು ನೆನಪಿಸಬೇಕು. ಫ್ರೆಂಚ್ ಗಯಾನಾದ ಕೌರುವಿನಿಂದ ಏರಿದ ಮೊದಲ ಏರಿಯಾನ್ 5 ರಾಕೆಟ್ ಸುಮಾರು 40 ಸೆಕೆಂಡಿನಲ್ಲಿ ಚೂರಾಯಿತು. 64 ಬಿಟ್‌ಗಳ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ಗಳ ಪೂರ್ಣಾಂಕದೊಳಗೆ ತುರುಕಲು ಹೋದದ್ದು ಕಾರಣ. ಆ ಪೂರ್ಣಾಂಕದ ಗರಿಷ್ಠ ಮಿತಿ 32,767. ಆಕ್ಸೆಸ್‌ನ ‘ಇಂಟಿಜರ್’ಗೂ ಅದೇ ಮಿತಿ. ಎಲೆಗೆ 150 ರೂಪಾಯಿಯಂತೆ 250 ಎಲೆ ಊಟವನ್ನು ವಿಬಿಎ ಕೋಡಿನಲ್ಲಿ ಇಂಟಿಜರ್‌ಗಳಾಗಿ ಗುಣಿಸಿದರೆ 37,500 ಬರುವುದರೊಳಗೆ ‘ಓವರ್‌ಫ್ಲೋ’ ಎಂದು ನಿಲ್ಲುತ್ತದೆ. ಅಡುಗೆ ಭಟ್ಟರಿಗೂ ಯುರೋಪಿನ ಬಾಹ್ಯಾಕಾಶ ವಿಜ್ಞಾನಿಗಳಿಗೂ ಗೋತ್ರ ಒಂದೇ ಎಂದು ಇದರಿಂದ ಸಿದ್ಧವಾಯಿತು.

ಜೀವವಿಜ್ಞಾನಿಗಳಂತೂ ಶಸ್ತ್ರ ಕೆಳಗಿಟ್ಟರು. ‘ಮಾರ್ಚ್1’, ‘ಸೆಪ್ಟ್1’ ಎಂಬ ಜೀನ್‌ಗಳನ್ನು ಎಕ್ಸೆಲ್ ತಾರೀಕುಗಳೆಂದು ತಿಳಿದು ಬದಲಿಸುತ್ತಿದ್ದುದರಿಂದ ಬೇಸತ್ತು, 2020ರ ಹೊತ್ತಿಗೆ ಜೀನ್‌ಗಳ ಹೆಸರನ್ನೇ ‘ಮಾರ್ಚ್‌ಎಫ್1’, ‘ಸೆಪ್ಟಿನ್1’ ಎಂದು ತಿದ್ದಿಕೊಂಡರು.

ತಾರೀಕಿನ ವಿಷಯ ಬಂದದ್ದರಿಂದ ಇದನ್ನೂ ಸೇರಿಸುತ್ತೇನೆ. ಆಕ್ಸೆಸ್‌ಗೆ ದಿನಾಂಕವೂ ಒಂದು ಸಂಖ್ಯೆ. 1899ರ ಡಿಸೆಂಬರ್ 30 ಅದರ ಸೊನ್ನೆ. ಎಸ್‌ಕ್ಯೂಎಲ್‌ನಲ್ಲಿ ಎರಡು ಹ್ಯಾಶ್‌ಗಳ ನಡುವೆ 05/06 ಎಂದು ಬರೆದು ವರ್ಷ ಸೇರಿಸಿದರೆ ಅಮೆರಿಕದ ರೂಢಿಯಂತೆ ಮೇ 6 ಎಂದು ಓದುತ್ತದೆ, ನಮ್ಮ ಜೂನ್ 5 ಅಲ್ಲ. 13/06 ಎಂದರೆ ಹದಿಮೂರನೇ ತಿಂಗಳಿಲ್ಲವಾದ್ದರಿಂದ ತೆಪ್ಪಗೆ ಜೂನ್ 13 ಎನ್ನುತ್ತದೆ. ಹೀಗಾಗಿ ಪ್ರತಿ ತಿಂಗಳ ಮೊದಲ 12 ದಿನಗಳಲ್ಲಿ ಬುಕಿಂಗ್ ತಪ್ಪುವುದೂ, ಆಮೇಲೆ ತಾನಾಗಿ ಸರಿಹೋಗುವುದೂ ಕಂಡು, ಅಂಗಡಿಯಲ್ಲಿ ಒಬ್ಬರು ಅದನ್ನು ಶುಕ್ಲಪಕ್ಷದ ದೋಷವೆಂದು ವಿವರಿಸಿದ್ದರು.

ಕನ್ನಡ ದೇಶದ ವಿಶೇಷಗಳು ಎರಡು. ಒಂದು, ಸೊನ್ನೆ. ಕನ್ನಡದ ಸೊನ್ನೆಯೂ ಅನುಸ್ವಾರವೂ ಕಣ್ಣಿಗೆ ಅವಳಿಗಳು. ಯೂನಿಕೋಡಿನಲ್ಲಿ ಅವುಗಳ ಸ್ಥಾನ ಬೇರೆ ಬೇರೆ. ಹಳೆಯ ಫಾಂಟುಗಳಲ್ಲಿ ಕಲಿತ ಬೆರಳು ಸಾವಿರದಿನ್ನೂರು ಎಂದು ಬರೆಯಲು ಒಂದು, ಎರಡು, ಅನುಸ್ವಾರ, ಅನುಸ್ವಾರ ಒತ್ತಿದರೆ ಮುದ್ರಣದಲ್ಲಿ ಯಾರಿಗೂ ಏನೂ ತಿಳಿಯದು. ಆದರೆ ಅನುಸ್ವಾರವನ್ನು ಕೂಡಲು ಯಾವ ಯಂತ್ರಕ್ಕೂ ಬಾರದು. ಇನ್ನು ಕನ್ನಡದ ಅಂಕಿಗಳನ್ನು ಸರಿಯಾಗಿಯೇ ಒತ್ತಿ ವ್ಯಾಲ್‌ಗೆ ಕೊಟ್ಟರೂ ಅದು ಸೊನ್ನೆ ಎನ್ನುತ್ತದೆ. ರಾಜ್ಯೋತ್ಸವದ ತಿಂಗಳಲ್ಲಿ ಭಾಷಾಭಿಮಾನದಿಂದ ಬಿಲ್ಲು ಮಾಡುವವರು ಗಮನಿಸಬೇಕು.

ಇನ್ನೊಂದು, ಪಹಣಿಯ ವಿಸ್ತೀರ್ಣ. 2.20 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ. ಇದಕ್ಕೆ 1.30 ಕೂಡಿದರೆ ಗಣಿತದಲ್ಲಿ 3.50, ಹೊಲದಲ್ಲಿ, ನಲವತ್ತು ಗುಂಟೆಗೆ ಒಂದು ಎಕರೆಯಾದ್ದರಿಂದ, ನಾಲ್ಕು ಎಕರೆ ಹತ್ತು ಗುಂಟೆ. ಇಲ್ಲಿ ಚೌಕದ ಟೈಪ್ ನಂಬರ್ ಎಂದೇ ಇದೆ, ಎಲ್ಲವೂ ಬಲಗೋಡೆಗೆ ನಿಂತಿದೆ, ಯಾವ ಎರರೂ ಇಲ್ಲ. ಚುಕ್ಕಿ ಮಾತ್ರ ದಶಮಾಂಶದ ಚುಕ್ಕಿಯಲ್ಲ. ಎಕರೆಗೊಂದು ಫೀಲ್ಡ್, ಗುಂಟೆಗೊಂದು ಫೀಲ್ಡ್ ಇಟ್ಟು, ಎಲ್ಲವನ್ನೂ ಗುಂಟೆಗೆ ಇಳಿಸಿ ಕೂಡಿ, ಮತ್ತೆ ನಲವತ್ತರಿಂದ ಭಾಗಿಸುವುದೇ ದಾರಿ. ಹಳೆಯ ಶಾನುಭೋಗರು ಇದನ್ನು ಬೆರಳ ಗೆಣ್ಣಿನ ಮೇಲೆ ಮಾಡುತ್ತಿದ್ದರು.

ಪ್ರಾಯಶ್ಚಿತ್ತ

ಸೂತ್ರಗಳಿಗೆ ಅಲ್ಲಲ್ಲಿ ತೇಪೆ ಹಾಕುವುದನ್ನು ಈ ಲೇಖಕ ಒಪ್ಪುವುದಿಲ್ಲ. ಹಣದ ಫೀಲ್ಡಿಗೆ ಟೇಬಲ್ಲಿನಲ್ಲೇ ‘ಕರೆನ್ಸಿ’ ಟೈಪ್ ಕೊಡಬೇಕು. ಅದು ದಶಮಾಂಶದ ನಾಲ್ಕು ಸ್ಥಾನಗಳನ್ನು ಕರಾರುವಾಕ್ಕಾಗಿ ಹಿಡಿದಿಡುತ್ತದೆ, ಪೈಸೆ ಸೋರುವುದಿಲ್ಲ. ಚೌಕವನ್ನು ಆ ಫೀಲ್ಡಿಗೆ ಕಟ್ಟಬೇಕು. ಅನ್‌ಬೌಂಡ್ ಇರಲೇಬೇಕೆಂದಿದ್ದರೆ ಅದರ ಫಾರ್ಮ್ಯಾಟ್ ಗುಣಕ್ಕೆ ಸಂಖ್ಯಾರೂಪ ಕೊಟ್ಟರೆ, ಅಕ್ಷರ ಒತ್ತಿದವನನ್ನು ಬಾಗಿಲಲ್ಲೇ ತಡೆಯುತ್ತದೆ. ಪರಿವರ್ತನೆ ಮಾಡುವುದೇ ಆದರೆ ಒಳಬರುವಾಗ ಒಮ್ಮೆ ಮಾಡಬೇಕು, ಎನ್‌ಝಡ್ ಒಳಗೆ, ಕರೆನ್ಸಿಗೆ ಪರಿವರ್ತಿಸುವ ‘ಸಿ-ಕರ್’ ಫಂಕ್ಷನ್ ಹೊರಗೆ. ‘ಫಾರ್ಮ್ಯಾಟ್’ ಎಂಬ ಫಂಕ್ಷನ್ನನ್ನು ಲೆಕ್ಕದ ನಡುವೆ ಬಳಸಕೂಡದು. ಅದು ಸಂಖ್ಯೆಗೆ ಅಲಂಕಾರ ಮಾಡುವ ಭರದಲ್ಲಿ ಅದನ್ನು ಮತ್ತೆ ಅಕ್ಷರಸಾಲು ಮಾಡಿ ಕಳಿಸುತ್ತದೆ, ಮುಂದಿನ ಕೂಡುವ ಚಿಹ್ನೆ ಮತ್ತೆ ಅಂಟಿಸುತ್ತದೆ. ಫಾರಂನ ಅಡಿಯಲ್ಲಿ ‘ಸಮ್’ ಹಾಕುವವರು ಚೌಕದ ಹೆಸರನ್ನು ಕೊಡದೆ ಫೀಲ್ಡಿನ ಹೆಸರನ್ನು ಕೊಡಬೇಕು.

ಇಷ್ಟೂ ನೆರವೇರಿ ಅಂಗಡಿಯ ಫಾರಂ ನೆಟ್ಟಗಾದ ಮೇಲೆ ಹೊಸದೊಂದು ಶಂಕೆ ಎದ್ದಿದೆ. ಪೈಸೆ ಬೇಡವೆಂದು ‘ರೌಂಡ್’ ಹಾಕಿದ ಮೇಲೆ 1512.50 ಎಂಬ ಬಿಲ್ಲು 1512 ಆಯಿತು, 1513.50 ಎಂಬುದು 1514 ಆಯಿತು. ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುವುದು ಆ ಫಂಕ್ಷನ್ನಿನ ಧರ್ಮ.

"ಒಂದ್ಸಲ ಐವತ್ತು ಪೈಸೆ ನಮಗೆ, ಒಂದ್ಸಲ ಅವರಿಗೆ. ಯಾರಪ್ಪಾ ಮಾಡಿದ್ದು ಈ ನ್ಯಾಯ?" ಎಂದರು ಯಜಮಾನರು.

"ಬ್ಯಾಂಕಿನವರ ಪದ್ಧತಿಯಂತೆ, ಯಜಮಾನ್ರೇ."

"ಯಾವ ಬ್ಯಾಂಕು ಅಂತ ವಿಚಾರಿಸು. ಅಕೌಂಟು ಅಲ್ಲಿಗೇ ಹಾಕಿಸೋಣ."