ಅಂಗೈ ಅಗಲದ ಸ್ವಂತ ಮನೆ

ಕೆಂಗೇರಿಯಿಂದಾಚೆ ಸಾವಿರ ಚದರಡಿಯ ನಮ್ಮದೊಂದು ಫ್ಲ್ಯಾಟಿದೆ. ಬಾಗಿಲಿಗೆ ನಮ್ಮವರ ಹೆಸರಿನ ಹಿತ್ತಾಳೆ ಫಲಕವಿದೆ, ಹೊಸ್ತಿಲಿಗೆ ಶುಕ್ರವಾರ ಶುಕ್ರವಾರ ನಾನು ಬಳಿಯುವ ಅರಿಸಿನ ಕುಂಕುಮವಿದೆ, ಪತ್ರ ಮಾತ್ರ ಬ್ಯಾಂಕಿನ ಬೀರುವಿನಲ್ಲಿದೆ. ಗೃಹಪ್ರವೇಶದ ದಿನ ನಮ್ಮ ಸೋದರಮಾವ ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, ಸಾಲದ ಬಗ್ಗೆ ಸರ್ವಜ್ಞ ಹೇಳಿದ್ದನ್ನು ರಾಗವಾಗಿ ಒಪ್ಪಿಸಿದರು. ಆ ತುಪ್ಪವೂ ಸಾಲದ್ದೇ ಎಂದು ನಾನು ಬಾಯಿಬಿಡಲಿಲ್ಲ. ಬಿಟ್ಟಿದ್ದರೆ ಬಹುಶಃ ಇನ್ನೊಂದು ಹೋಳಿಗೆಯನ್ನು ಧೈರ್ಯವಾಗಿ ಕೇಳುತ್ತಿದ್ದರು.

ಅದು 2021. ಗೃಹಸಾಲದ ಬಡ್ಡಿ ಶೇ 6.7ಕ್ಕೆ ಇಳಿದಿತ್ತು. ಇಷ್ಟು ಅಗ್ಗವಾಗಿ ಸಿಗುವಾಗ ತಗೊಳ್ಳದೇ ಇದ್ದರೆ ನಮಗೇ ನಷ್ಟ ಎಂದರು ನಮ್ಮವರು. ಸೇಲಿನಲ್ಲಿ ಸೀರೆ ತಂದಾಗ ನಾನು ಹೇಳುವುದೂ ಇದೇ ಮಾತು, ಆಗ ಅವರಿಗೆ ಅರ್ಥವಾಗುವುದಿಲ್ಲ. ಮೂವತ್ತು ಲಕ್ಷ, ಇಪ್ಪತ್ತು ವರ್ಷ, ತಿಂಗಳಿಗೆ 22,700 ಚಿಲ್ಲರೆ ಕಂತು. ಮರುವರ್ಷ ಮೇ ತಿಂಗಳಿಂದ ರಿಸರ್ವ್ ಬ್ಯಾಂಕು ರೆಪೊ ದರ ಏರಿಸುತ್ತಾ ಹೋಯಿತು. ಶೇ 4 ಇದ್ದದ್ದು 2023ರ ಫೆಬ್ರುವರಿಗೆ 6.5 ಆಯಿತು, ಅದರ ಬಾಲ ಹಿಡಿದು ನಮ್ಮ ಬಡ್ಡಿ 9.2ಕ್ಕೆ ಹತ್ತಿ ಕೂತಿತು. ಆದರೆ ಕಂತು ಒಂದು ರೂಪಾಯಿಯೂ ಹೆಚ್ಚಲಿಲ್ಲ! ಬ್ಯಾಂಕಿನವರು ಎಷ್ಟು ಒಳ್ಳೆಯವರು, ದೀಪಾವಳಿಗೆ ಒಂದು ಡಬ್ಬಿ ಚಕ್ಕುಲಿ ಕೊಟ್ಟುಬರಬೇಕು ಎಂದುಕೊಂಡಿದ್ದೆ. ಒಂದು ಭಾನುವಾರ ನಮ್ಮವರು ಸ್ಟೇಟ್‌ಮೆಂಟ್ ತೆರೆದು ಕೂತರು. ಕಂತು ಮುಟ್ಟದೆ ಅವರು ಅವಧಿಯನ್ನು ಎಳೆದಿದ್ದರು. ಸಾಲ ತೀರಲು ಇನ್ನೂ ನಲವತ್ತು ವರ್ಷಕ್ಕೂ ಮೇಲೆ. ಅಷ್ಟು ಹೊತ್ತಿಗೆ ನಮ್ಮವರಿಗೆ ಎಂಬತ್ತು ದಾಟಿರುತ್ತದೆ. ಇಷ್ಟು ದೀರ್ಘಾಯುಸ್ಸನ್ನು ಅವರಿಗೆ ಯಾವ ಜ್ಯೋತಿಷಿಯೂ ಹೇಳಿರಲಿಲ್ಲ.

ಇನ್ನೊಂದು ಕಾಲಮ್ಮಿನಲ್ಲಿ ಇದಕ್ಕಿಂತ ಸ್ವಾರಸ್ಯವಾದ ಸಂಗತಿ ಇತ್ತು. ಕಟ್ಟಿದ ಇಪ್ಪತ್ತೆರಡು ಸಾವಿರದ ಏಳುನೂರರಲ್ಲಿ ಬಡ್ಡಿಗೇ ಇಪ್ಪತ್ತೆರಡು ಸಾವಿರದ ಇನ್ನೂರು ಹತ್ತಿರ. ಅಸಲಿಗೆ ಹೋದದ್ದು ಐನೂರು ಚಿಲ್ಲರೆ.

“ಚದರಡಿಗೆ ನಾಲ್ಕು ಸಾವಿರದ ಹಾಗೆ ತಗೊಂಡಿದ್ದು ಕಣೇ. ಐನೂರು ಅಂದ್ರೆ ಚದರಡಿಯಲ್ಲಿ ಎಂಟನೇ ಒಂದು ಭಾಗ” ಎಂದರು.

“ಅಂದ್ರೆ ಎಷ್ಟು ರೀ?”

ನಮ್ಮವರು ಎಂಜಿನಿಯರಿಂಗ್ ಓದಿದವರು. ಮಗಳ ಜಾಮೆಟ್ರಿ ಬಾಕ್ಸಿನಿಂದ ಸ್ಕೇಲು ತಂದು ಹಾಲಿನ ಟೈಲ್ಸಿನ ಮೇಲೆ ಸೀಮೆಸುಣ್ಣದಲ್ಲಿ ಚೌಕ ಬರೆದರು. ನಾಲ್ಕಿಂಚು ಚಿಲ್ಲರೆ ಉದ್ದ, ನಾಲ್ಕಿಂಚು ಚಿಲ್ಲರೆ ಅಗಲ. ಆ ತಿಂಗಳು ಬ್ಯಾಂಕಿನಿಂದ ಬಿಡಿಸಿಕೊಂಡ ಮನೆ ಅಷ್ಟು. ಒಂದು ಕಾಲು ಊರಲೂ ಆಗದು, ಹಿಮ್ಮಡಿ ಹೊರಗೆ ಬರುತ್ತದೆ.

ಆಗ ಅತ್ತೆ ತಿಪಟೂರಿನಿಂದ ಬಂದು ನಮ್ಮಲ್ಲೇ ಇದ್ದರು. ಖರ್ಚು ಹಿಡಿತಕ್ಕೆಂದು ಟೀವಿಯ ಚಂದಾ ನಿಲ್ಲಿಸಿದ್ದೆವು, ಸಂಜೆಯಾದರೆ ಎಲ್ಲರೂ ಹಾಲಿನಲ್ಲಿ ಕೂತು ಒಬ್ಬರ ಮುಖ ಒಬ್ಬರು ನೋಡುವ ದುರ್ಗತಿ. ಅತ್ತೆ ತಮ್ಮ ಟ್ರಂಕಿನಿಂದ ಒಂದು ಜೊತೆ ಹತ್ತನೇ ನಂಬರಿನ ಸ್ವೆಟರ್ ಕಡ್ಡಿ ತೆಗೆದು ನನ್ನ ಕೈಗೆ ಕೊಟ್ಟರು. ಈ ಕಡ್ಡಿಗಳ ಹಳೇ ಲೆಕ್ಕದಲ್ಲಿ ನಂಬರು ಏರಿದಷ್ಟೂ ಕಡ್ಡಿ ಸಣ್ಣಗಾಗುತ್ತದೆ. ಬಡ್ಡಿಗೂ ಈ ಪದ್ಧತಿ ತಂದಿದ್ದರೆ ಎಷ್ಟು ಜನ ಬದುಕಿಕೊಳ್ಳುತ್ತಿದ್ದರೋ. ಅತ್ತೆಯದು ಹೆಣಿಗೆಯ ವಂಶ. 1962ರ ಚೀನಾ ಯುದ್ಧದಲ್ಲಿ ದೇಶದ ತುಂಬ ಹೆಂಗಸರು ಜವಾನರಿಗಾಗಿ ಸ್ವೆಟರ್ ಹೆಣೆದು ಕಳಿಸಿದರಲ್ಲ, ಅದರಲ್ಲಿ ಅತ್ತೆಯ ಅಮ್ಮನದೂ ಒಂದು ಇತ್ತಂತೆ. ಆ ಯುದ್ಧದ ಫಲಿತಾಂಶ ಏನಾಯಿತು ಎಂದು ಸೊಸೆಯಾದವಳು ಕೇಳಬಾರದು.

“ಮೊದ್ಲು ಮಾದರಿ ಹಾಕ್ಬೇಕಮ್ಮ. ನಾಲ್ಕಿಂಚಿಗೆ ನಾಲ್ಕಿಂಚು. ಇಂಚಿಗೆ ಎಷ್ಟು ಕುಣಿಕೆ ಬಂತು ಅಂತ ಎಣಿಸಿಕೊಂಡು ಆಮೇಲೆ ಸ್ವೆಟರಿಗೆ ಕೈ ಹಾಕೋದು” ಎಂದರು ಅತ್ತೆ.

ನಾಲ್ಕಿಂಚಿಗೆ ನಾಲ್ಕಿಂಚು! ಮುಗಿಸಿದ ಚೌಕವನ್ನು ಸೀಮೆಸುಣ್ಣದ ಗೆರೆಯ ಒಳಗೆ ಹಾಸಿದೆ. ಒಂದು ಮೂಲೆ ಸ್ವಲ್ಪ ಸೊಟ್ಟಗಿತ್ತು, ಉಳಿದಂತೆ ಸರಿಯಾಗಿ ಕೂತಿತು. ನಮ್ಮ ಸ್ವಂತ ಮನೆಗೆ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಿದ ಹೆಮ್ಮೆಯಿಂದ ಫೋಟೋ ತೆಗೆದು ತಂಗಿಗೆ ಕಳಿಸಿದೆ. “ಕಾಫಿ ಲೋಟ ಇಡೋಕಾ ಅಕ್ಕಾ?” ಎಂದು ಕೇಳಿದಳು.

2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು, ಬಡ್ಡಿ ಬದಲಾದಾಗ ಕಂತು ಹೆಚ್ಚಿಸಬೇಕೋ ಅವಧಿ ಎಳೆಯಬೇಕೋ ಎಂದು ಸಾಲಗಾರರನ್ನು ಕೇಳಿ ಎಂದು ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತು. ನಮ್ಮನ್ನೂ ಕೇಳಿದರು. ಅರವತ್ತಕ್ಕೆ ಮುಂಚೆ ಮುಗಿಸಲೇಬೇಕೆಂದು ಕಂತನ್ನು 27,200ಕ್ಕೆ ಏರಿಸಿಕೊಂಡೆವು. ಹೆಚ್ಚಿನ ನಾಲ್ಕೂವರೆ ಸಾವಿರವನ್ನು ಪ್ರತಿ ತಿಂಗಳು ಈ ಮನೆಯೊಳಗಿಂದಲೇ ಹೆಕ್ಕಿ ತೆಗೆಯಬೇಕು. ಆ ಖಾತೆಗೆ ನಾನೇ ಮಂತ್ರಿಯಾದೆ.

ಮೊದಲ ಕ್ರಮ ಕಾಫಿಯ ಮೇಲೆ. ಫಿಲ್ಟರಿನ ಮೊದಲ ಡಿಕಾಕ್ಷನ್ ಅತ್ತೆಗೆ ಮತ್ತು ಮಾನ್ಯ ಅತಿಥಿಗಳಿಗೆ. ಎರಡನೆಯದು ನಮಗೆ. ಮೂರನೆಯದು, ಮುಂದಿನ ಸಲ ಬರದೇ ಇದ್ದರೂ ಪರವಾಗಿಲ್ಲ ಎಂಬಂಥವರಿಗೆ. ನಂದಿನಿ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಹಾಲು ಬಗ್ಗಿಸಿದ ಮೇಲೆ ಅದಕ್ಕೆ ಎರಡು ಚಮಚ ನೀರು ಬಿಟ್ಟು ಕುಲುಕಿದರೆ ಬೆಳ್ಳಗಿನದೊಂದು ದ್ರವ ಬರುತ್ತದಲ್ಲ, ಅದು ಈ ಮೂರನೆಯದಕ್ಕೆ. ಲೋಟಗಳು ಒಮ್ಮೆ ಅದಲು ಬದಲಾಗಿ ಅತ್ತೆಗೆ ಅದೇ ಹೋಯಿತು. ಒಂದು ಗುಟುಕು ಕುಡಿದು, “ಪಾತ್ರೆ ತೊಳೆದ ನೀರನ್ನ ಗಿಡಕ್ಕೆ ಹಾಕಮ್ಮ, ನನಗ್ಯಾಕೆ?” ಎಂದರು. ಗಿಡಕ್ಕೂ ಅದನ್ನೇ ಹಾಕುತ್ತಿದ್ದೆ, ಅದು ಬೇರೆ ಮಾತು.

ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸುವುದು, ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ ಒಳಗೆ ಬ್ರಷ್ ಆಡಿಸುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ತರಕಾರಿಗೆ ಮಾತ್ರ ನಾನು ಹೊಸ ದಾರಿ ಹಿಡಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ದುಡ್ಡಿಲ್ಲ. ಹಾಗಾಗಿ ಕೆ.ಆರ್. ಮಾರುಕಟ್ಟೆಗೇ ಹೋಗಿಬರುವುದು. ಹುರುಳಿಕಾಯಿ ಟೊಮ್ಯಾಟೊದಲ್ಲಿ ನಲವತ್ತು ರೂಪಾಯಿ ಉಳಿಯುತ್ತದೆ. ಅಷ್ಟು ದೂರ ನಿಂತು ಬಂದ ಸುಸ್ತಿಗೆ ಒಂದು ಮಸಾಲೆದೋಸೆ, ಒಂದು ಕಾಫಿ. ಮೊದಲ ಡಿಕಾಕ್ಷನ್ನಿನ ರುಚಿ ನಾಲಿಗೆಗೆ ಮರೆತುಹೋಗಬಾರದಲ್ಲ. ಚೀಲ ಹೊರಲು ನಮ್ಮವರನ್ನು ಕರೆದರೆ, “ನನಗೆ ಟಿಕೆಟ್ ಬೀಳುತ್ತೆ ಕಣೇ, ದಂಡ” ಎಂದು ಉಳಿತಾಯದ ದೃಷ್ಟಿಯಿಂದ ಸೋಫಾದಲ್ಲೇ ಉಳಿಯುತ್ತಾರೆ.

ಕರೆಂಟಿನ ಕಥೆ ನೆನೆದರೆ ಹೊಟ್ಟೆ ಉರಿಯುತ್ತದೆ. ನಮ್ಮವರು ಹುಟ್ಟಾ ಸ್ವಿಚ್ ಆರಿಸುವವರು. ಸ್ನಾನದ ಮನೆಯಲ್ಲಿ ನಾನಿರುವಾಗಲೇ ದೀಪ ಆರಿಸಿ ಹೋದದ್ದುಂಟು. ಸಾಲ ಬಿಗಿಯಾಗುವ ಮೊದಲೇ ನಮ್ಮ ಬಳಕೆ ತಿಂಗಳಿಗೆ ಐವತ್ತು ಯೂನಿಟ್ ಆಸುಪಾಸು. ಗೃಹಜ್ಯೋತಿ ಬಂದಾಗ ಇನ್ನೂರು ಯೂನಿಟ್ ಪುಕ್ಕಟೆ ಎಂದು ಕುಣಿದಾಡಿ ಅರ್ಜಿ ಹಾಕಿದೆವು. ಲೆಕ್ಕ ನೋಡಿದರೆ 2022–23ರ ಸರಾಸರಿ ಬಳಕೆ, ಅದರ ಮೇಲೆ ಶೇ 10, ನಮಗೆ ಪುಕ್ಕಟೆ ಅಷ್ಟು ಮಾತ್ರ. ಎದುರು ಮನೆಯವರು ಗೀಸರ್ ಹಾಕಿ ಮರೆತು ಮದುವೆಗೆ ಹೋಗುವ ಜನ. ಅವರ ಸರಾಸರಿ ನೂರೆಂಬತ್ತು, ಪುಕ್ಕಟೆ ನೂರತೊಂಬತ್ತೆಂಟು. “ನಿಮ್ಗೆ ಎಷ್ಟು ಬಂತು ಆಂಟಿ?” ಎಂದು ಆ ಮನೆಯ ಹುಡುಗಿ ಕೇಳಿದಾಗ ಬಾಗಿಲು ಹಾಕಿಕೊಂಡು ಒಳಗೆ ಬಂದೆ. ಆಮೇಲೆ ನಮ್ಮವರು ಬಾಗಿಲ ಮುಂದಿನ ದೀಪವನ್ನೂ ಆರಿಸಿದರು.

ಇಷ್ಟೆಲ್ಲ ನಿಭಾಯಿಸುವ ಕೈಗೆ ಹೊಸ ಉಲ್ಲನ್ ಕೊಳ್ಳುವ ಹಕ್ಕಿರಲಿಲ್ಲ. ಅದಕ್ಕೇ ಹಳೆಯ ಸ್ವೆಟರ್ ಬಿಚ್ಚಿ ಹೊಸತು ಹೆಣೆಯುವುದೆಂದಾಯಿತು. ಇದರಲ್ಲೂ ಸೂಕ್ಷ್ಮವಿದೆ. ಪಕ್ಕದ ಹೊಲಿಗೆಯನ್ನು ಒಳಗಿನಿಂದ ತಿರುಗಿಸಿ ನೋಡಬೇಕು. ಅಂಚು ಹೆಣಿಗೆಯಲ್ಲೇ ಮುಗಿದಿದ್ದರೆ ದಾರ ಒಂದೇ ಎಳೆಯಾಗಿ ಬಿಚ್ಚಿಕೊಂಡು ಬರುತ್ತದೆ. ಬಟ್ಟೆಯನ್ನು ಕತ್ತರಿಸಿ ಓವರ್‌ಲಾಕ್ ಮಾಡಿದ್ದರೆ ಪ್ರತಿ ಸಾಲಿಗೂ ದಾರ ತುಂಡು. ಮೈದುನನ ಬೂದು ಬಣ್ಣದ ಸ್ವೆಟರ್ ಎರಡನೇ ಜಾತಿಯದು. ಅದರಿಂದ ಹೊರಟ ಮೊಳದುದ್ದದ ದಾರಗಳ ರಾಶಿ ಈಗ ಒಂದು ದಿಂಬಾಗಿದೆ. ಸ್ವೆಟರ್ ಎಲ್ಲಿ ಎಂದು ಮೈದುನ ಇನ್ನೂ ಹುಡುಕುತ್ತಿದ್ದಾನೆ, ಬಂದಾಗಲೆಲ್ಲ ಆ ದಿಂಬಿಗೆ ಒರಗಿಕೊಂಡು.

ಮದುವೆಯಾದ ಹೊಸತರಲ್ಲಿ ಊಟಿಯಲ್ಲಿ ಕೊಂಡ ನಮ್ಮವರ ಮೆರೂನ್ ಸ್ವೆಟರ್ ಸಲೀಸಾಗಿ ಬಿಚ್ಚಿತು. ಬಿಚ್ಚಿದ ದಾರ ಶ್ಯಾವಿಗೆ ಹಾಗೆ ಸುರುಳಿ ಸುರುಳಿ. ಅದನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಕಟ್ಟಿ, ಬೆಚ್ಚಗಿನ ನೀರಿನಲ್ಲಿ ನೆನೆಸಿ, ಕೆಳಗೊಂದು ನೀರು ತುಂಬಿದ ಚೊಂಬು ನೇತುಹಾಕಿ ಬಟ್ಟೆ ಒಣಗಿಸುವ ತಂತಿಗೆ ತೂಗುಬಿಟ್ಟೆ. ಭಾರಕ್ಕೆ ಸುರುಳಿ ಬಿಡುತ್ತದೆ. ನಮ್ಮವರು ಬಂದು ನೋಡಿ ಕೇಳಿದ್ದು ಒಂದೇ ಪ್ರಶ್ನೆ. “ಚೊಂಬಿನ ನೀರು ಆಮೇಲೆ ಯಾವುದಕ್ಕೆ?”

ಬೆಂಗಳೂರಿಗೆ ಕೈಹೆಣಿಗೆಯ ದಪ್ಪ ಸ್ವೆಟರ್ ಏಕೆ ಎಂದು ಮಗಳು ತಕರಾರು ತೆಗೆದಳು. ಈ ಊರಿನ ದಾಖಲೆಯ ಚಳಿ 7.8 ಡಿಗ್ರಿ, ಅದು ಬಿದ್ದದ್ದು 1884ರ ಜನವರಿ 13ರಂದು. ನನ್ನ ಸ್ವೆಟರ್ ನಿಜಕ್ಕೂ ಬೇಕಾಗಿದ್ದ ದಿನ ಅದು, ಸ್ವಲ್ಪ ತಡವಾಯಿತು. ನವೆಂಬರ್ ಬಂತೆಂದರೆ ಟಿಬೆಟನ್ನರು ರಸ್ತೆಬದಿ ಸ್ವೆಟರ್ ಅಂಗಡಿ ಹಾಕುತ್ತಾರಲ್ಲ, ಲೂಧಿಯಾನದ ಮಾಲು, ಬೆಲೆಯೂ ಹಗುರ. ಬೈಲುಕುಪ್ಪೆಯ ಒಬ್ಬಾಕೆ ನನ್ನ ಹೆಣಿಗೆಯನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ, ಅಚ್ಚ ಕನ್ನಡದಲ್ಲಿ “ಅಕ್ಕಾ, ಇದಕ್ಕೆ ಕುತ್ತಿಗೆ ಯಾವ ಕಡೆ?” ಎಂದು ಕೇಳಿದಳು.

ಎದೆ ಬೆನ್ನು ಮುಗಿದು ಬಲತೋಳು ಮುಗಿಯುವಷ್ಟರಲ್ಲಿ ಮೆರೂನ್ ಖಾಲಿ. ಎಡತೋಳಿಗೆ ಮಗಳ ಹೈಸ್ಕೂಲಿನ ನೀಲಿ ಸ್ವೆಟರ್ ಬಿಚ್ಚಿದೆ. ಆ ದಾರ ಒಂದೆಳೆ ದಪ್ಪ, ಹಾಗಾಗಿ ಎಡತೋಳು ಬೆರಳು ಮುಚ್ಚುತ್ತದೆ, ಬಲತೋಳು ವಾಚು ತೋರಿಸುತ್ತದೆ. ಮಾದರಿ ಹಾಕಿದೆಯೇನಮ್ಮ ಎಂದು ಅತ್ತೆ ಕೇಳಲಿಲ್ಲ. ನೋಡಿದರು, ಕನ್ನಡಕ ತೆಗೆದಿಟ್ಟರು.

2025ರಲ್ಲಿ ರೆಪೊ ದರ ಇಳಿಯುತ್ತಾ ಇಳಿಯುತ್ತಾ ವರ್ಷದ ಕೊನೆಗೆ 5.25 ಮುಟ್ಟಿತು. ನಾವು ಕಂತು ಇಳಿಸಿಕೊಳ್ಳಲಿಲ್ಲ. ಈಗ ತಿಂಗಳಿಗೆ ಅಸಲೇ ಒಂಬತ್ತು ಸಾವಿರ ತೀರುತ್ತದೆ, ಎರಡು ಚದರಡಿಗೂ ಮೇಲೆ. ಹೋದ ತಿಂಗಳು ಬಿಡಿಸಿಕೊಂಡ ಜಾಗದಲ್ಲಿ ಅತ್ತೆ ಚಕ್ಕಂಬಟ್ಟಲು ಹಾಕಿಕೊಂಡು ಕೂರಬಹುದು. ಆದರೆ ಹೊಸದಾಗಿ ಸಾಲ ತೆಗೆಯುವವರಿಗೆ ನಮಗಿಂತ ಕಡಿಮೆ ಬಡ್ಡಿ ಎಂದು ಗೊತ್ತಾಗಿ ನಮ್ಮವರಿಗೆ ನಿದ್ದೆ ಹೋಯಿತು. ಕಾಲು ಪರ್ಸೆಂಟಾದರೂ ಇಳಿಸಿ ಎಂದು ಕೇಳಲು ಬ್ಯಾಂಕಿಗೆ ಹೊರಟರು. ಹೊರಡುವಾಗ ಬೇಕೆಂದೇ ಆ ಸ್ವೆಟರ್ ತೊಟ್ಟರು. ನಮ್ಮ ಸ್ಥಿತಿ ಬಾಯಲ್ಲಿ ಹೇಳುವುದೇ ಬೇಡ, ನೋಡಿದರೆ ಸಾಕು ಎಂದು ಅವರ ಲೆಕ್ಕ. ಜನವರಿಯ ಮಧ್ಯಾಹ್ನದ ಬಿಸಿಲು, ಬೆವರು ಹರಿಯುತ್ತಿತ್ತು. ಅದೂ ಅನುಕೂಲಕ್ಕೇ ಆಯಿತು ಎಂದುಕೊಂಡೆ.

ಸಂಜೆ ಬಂದವರೇ ಚಪ್ಪಲಿ ಬಿಡುವಾಗಲೇ ಮುಖ ಅರಳಿಸಿಕೊಂಡಿದ್ದರು.

“ಇಳಿಸಿದ್ರಾ?”

“ಅರ್ಜಿ ಕೊಟ್ಟಿದ್ದೀನಿ, ನೋಡೋಣ ಅಂದ್ರು. ಆಫೀಸರ್ ಬಹಳ ಒಳ್ಳೇ ಮನುಷ್ಯ ಕಣೇ. ಎದ್ದು ಬಂದು ತೋಳು ಮುಟ್ಟಿ ನೋಡಿದ್ರು. ಯಾವ ಡಿಸೈನರ್ ಸಾರ್, ಎರಡು ತೋಳು ಎರಡು ಕಲರ್, ಈಗ ಇದೇ ಅಂತೆ ಫ್ಯಾಶನ್ನು.”

ಜೇಬಿನಿಂದ ಬ್ಯಾಂಕಿನ ಚಲನ್ ಒಂದನ್ನು ತೆಗೆದು ನನ್ನ ಕೈಗಿಟ್ಟರು. ಹಿಂಬದಿಯಲ್ಲಿ ನೀಟಾಗಿ ಬರೆದಿತ್ತು: ಎದೆ 44, ಉದ್ದ 28, ತೋಳು 23.

“ಉಲ್ಲನ್ ದುಡ್ಡು ಅವರೇ ಕೊಡ್ತಾರಂತೆ” ಎಂದರು.

ಅತ್ತೆ ಒಳಗಿನಿಂದಲೇ ಕೂಗಿದರು. “ಎರಡು ತೋಳೂ 23ಏನಾ, ಸರಿಯಾಗಿ ಕೇಳ್ಕೊಂಡು ಬಂದ್ಯೇನೋ?”