ವರ್ಣಚಷಕ ಪರೀಕ್ಷಾ ಪ್ರಕರಣ

ಲಕ್ಷಣ: ಕುಡಿಯಲೆಂದು ತಯಾರಾಗಿ, ಕುಡಿಯುವವರ ಕೈಗೆ ಸಿಗದಂತೆ ಬೀರುವಿನಲ್ಲಿಟ್ಟು ಕಾಪಾಡುವ ಬಣ್ಣದ ಸ್ಫಟಿಕಗಾಜಿನ ಪಾತ್ರೆಯೇ ವರ್ಣಚಷಕ. ಈ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷವಿಲ್ಲ. ದಿನಬಳಕೆಯ ಲೋಟವನ್ನು ಯಾರೂ ಕಾಪಾಡುವುದಿಲ್ಲ. ವರ್ಣಚಷಕದ ಪ್ರಧಾನ ಕ್ಷೇತ್ರ ಇಂದಿನ ಚೆಕ್ ದೇಶದ ಬೊಹೀಮಿಯ.

ಪ್ರಭೇದ: ಬಣ್ಣ ಸೇರುವ ಬಗೆಯಿಂದ ಮೂರು. ಮೊದಲನೆಯದು ಸರ್ವಾಂಗವರ್ಣ. ಗಾಜಿನ ಪಾಕಕ್ಕೆ ಕೋಬಾಲ್ಟ್ ಬಿದ್ದರೆ ನೀಲಿ, ಚಿನ್ನ ಬಿದ್ದರೆ ಕೆಂಪು, ಯುರೇನಿಯಂ ಬಿದ್ದರೆ ಹಳದಿ. ಈ ಹಳದಿಗೆ ಬೊಹೀಮಿಯದ ರೀಡೆಲ್ ಮನೆತನದವರು ಮನೆಯ ಹೆಣ್ಣು ಆನ್ನಾಳ ಹೆಸರಿಟ್ಟರು. ಯುರೇನಿಯಂನ ವಿಕಿರಣ ಪತ್ತೆಯಾದದ್ದು ಆಮೇಲೆ, 1896ರಲ್ಲಿ; ಆದ್ದರಿಂದ ನಾಮಕರಣದಲ್ಲಿ ಗೃಹಕಲಹದ ಸುಳಿವು ಹುಡುಕುವುದು ಕಾಲವಿರುದ್ಧ. ಎರಡನೆಯದು ಕವಚವರ್ಣ: ಬಣ್ಣವಿಲ್ಲದ ಗಾಜಿನ ಮೇಲೆ ಬಣ್ಣದ ಗಾಜಿನ ತೆಳುಪದರ ಹೊದಿಸಿ, ಅದನ್ನು ಕೊರೆದು ಒಳಗಿನ ತಿಳಿಗಾಜನ್ನು ಹೊರಗೆ ತಂದದ್ದು. ಮೂರನೆಯದು ಲೇಪವರ್ಣ. 1830ರ ದಶಕದಲ್ಲಿ ಫ್ರೀಡ್ರಿಖ್ ಎಗರ್‌ಮನ್ ಚಿನ್ನವಿಲ್ಲದೆ ಕೆಂಪು ಲೇಪ ಸಾಧಿಸಿದ ಮೇಲೆ ತಯಾರಕರ ಚಿನ್ನ ಉಳಿಯಿತು. ಕೊಳ್ಳುವವರದೂ ಉಳಿಯಿತೆನ್ನಲು ಆಧಾರವಿಲ್ಲ.

ಪರೀಕ್ಷೆ: ಪ್ರಮಾಣಗಳು ಮೂರು. ಪ್ರತ್ಯಕ್ಷದಲ್ಲಿ ತೂಕ, ನಾದ, ಹೊಳಪು ಸೇರುತ್ತವೆ. ಶೇ. 24ರಷ್ಟು ಸೀಸದ ಆಕ್ಸೈಡ್ ಇರುವ ಗಾಜು ಕೈಗೆ ಭಾರ. ಮೀಟಿದರೆ ದೀರ್ಘವಾಗಿ ಮೊಳಗುತ್ತದೆ. ಯುರೇನಿಯಂ ಗಾಜು ನೇರಳಾತೀತ ದೀಪದಡಿ ಹಸಿರಾಗಿ ಬೆಳಗುತ್ತದೆ. ಅನುಮಾನಕ್ಕೆ ಆಧಾರ ತಳ. ಅಲ್ಲಿ ದಿಕ್ಕುದೆಸೆಯಿಲ್ಲದೆ ಹರಡಿದ ಸಣ್ಣ ಗೀರುಗಳು ವಯಸ್ಸಿನ ಹೇತು. ಒಂದೇ ದಿಕ್ಕಿಗೆ ಸಾಲಾಗಿ ನಿಂತ ಗೀರುಗಳು ಮರಳುಕಾಗದದಿಂದಾದ ಹೇತ್ವಾಭಾಸ. ‘ಚೆಕೊಸ್ಲೊವಾಕಿಯ’ ಎಂಬ ಮುದ್ರೆಯಿದ್ದ ಪಾತ್ರೆ 1918ಕ್ಕಿಂತ ಹಿಂದಿನದಾಗದು. ಮೂರನೆಯ ಪ್ರಮಾಣ ಆಪ್ತವಾಕ್ಯ. ಅಂದರೆ, ‘ಇದು ನಮ್ಮಜ್ಜಿಯದು’ ಎಂಬ ಮಾರಾಟಗಾರರ ಮಾತು. ಗಿರಾಕಿಯ ಆಸಕ್ತಿ ಏರಿದಂತೆ ಅಜ್ಜಿಯ ವಯಸ್ಸೂ ಏರುವುದರಿಂದ ಇದನ್ನು ಸ್ವತಂತ್ರ ಪ್ರಮಾಣವಾಗಿ ಹಿಡಿಯಬಾರದು.

ಮೌಲ್ಯ: ಆರರ ಸೆಟ್ಟಿನಲ್ಲಿ ಒಂದು ಒಡೆದರೆ ಉಳಿದ ಐದರ ಬೆಲೆಯೂ ಇಳಿಯುತ್ತದೆ. ಅಂಚಿನ ಚಕ್ಕೆ ಹಾರಿದ್ದನ್ನು ಉಜ್ಜಿ ಸರಿಪಡಿಸಿದ್ದರೆ ಆ ಪಾತ್ರೆ ಒಡಹುಟ್ಟಿದವುಗಳಿಗಿಂತ ಗಿಡ್ಡವಾಗಿ ನಿಂತು ತಾನೇ ಸಾಕ್ಷಿ ನುಡಿಯುತ್ತದೆ. ಒಟ್ಟಿನಲ್ಲಿ ತಳ ಸವೆದಿರಬೇಕು, ಅಂಚು ಸವೆದಿರಬಾರದು. ನೂರು ವರ್ಷ ಇಟ್ಟು ತೆಗೆದಿರಬೇಕು, ತುಟಿಗೆ ತಾಗಿಸಿರಬಾರದು.

ಪೂರ್ವಪಕ್ಷ: ಹಾಗಾದರೆ ಕುಡಿಯುವುದು ಯಾವುದರಲ್ಲಿ?

ಸಿದ್ಧಾಂತ: ಸ್ಟೀಲ್ ಲೋಟದಲ್ಲಿ. ಬಹಳ ಹೊತ್ತು ನಿಂತ ಮದ್ಯಕ್ಕೆ ಗಾಜಿನ ಸೀಸ ಇಳಿಯುವುದರಿಂದ ವೈದ್ಯಶಾಸ್ತ್ರವೂ ಈ ಪಕ್ಷದ್ದೇ.