ಅಡ್ಡಮಳೆ ಮೀಮಾಂಸೆ: ಶ್ರೀಶೈಲ ಪಾದಯಾತ್ರೆಯ ಪೂರ್ವಸಿದ್ಧತೆಯಲ್ಲಿ ಹವಾ ಮುನ್ಸೂಚನೆಯ ಸ್ಥಾನಮಾನ

ಯುಗಾದಿಗೆ ಮುನ್ನ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ ಮುಂತಾದ ಜಿಲ್ಲೆಗಳಿಂದ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದು ಹೋಗುವ ಭಕ್ತಸಮೂಹವನ್ನು ಕುರಿತು ಜಾನಪದ ತಜ್ಞರು, ಧರ್ಮಶಾಸ್ತ್ರಜ್ಞರು ಹಾಗೂ ಪಾದದ ಗುಳ್ಳೆಗಳಿಗೆ ಮುಲಾಮು ಹಚ್ಚುವ ಸ್ವಯಂಸೇವಕರು ತಂತಮ್ಮ ನೆಲೆಯಿಂದ ವಿಚಾರ ಮಾಡಿದ್ದಾರಾದರೂ, ಹೊರಡುವ ಮುಂಚಿನ ದಿನಗಳಲ್ಲಿ ಈ ಸಮೂಹವು ಮೋಡವನ್ನು ಎಷ್ಟು ಹೊತ್ತು ನೋಡುತ್ತದೆ, ಮೋಡದ ಚಿತ್ರವಿರುವ ಮೊಬೈಲನ್ನು ಎಷ್ಟು ಹೊತ್ತು ನೋಡುತ್ತದೆ, ಮತ್ತು ನೋಡಿದ್ದರಿಂದ ಏನು ಮಾಡುತ್ತದೆ ಎಂಬ ಮೂರು ಪ್ರಶ್ನೆಗಳು ವಿದ್ವಲ್ಲೋಕದ ಗಮನವನ್ನು ಸೆಳೆದಂತಿಲ್ಲ. ಮೊದಲೆರಡಕ್ಕೆ ಉತ್ತರ ಸುಲಭ. ಮೂರನೆಯದಕ್ಕೆ ಉತ್ತರ 'ಏನೂ ಮಾಡುವುದಿಲ್ಲ' ಎಂಬುದಾಗಿರುವುದರಿಂದ, ಅದನ್ನು ಶಾಸ್ತ್ರೀಯವಾಗಿ ಸಾಧಿಸಲು ಒಂದು ಪ್ರಬಂಧವೇ ಬೇಕಾಗುತ್ತದೆ.

ಮೊದಲು ಪರಿಭಾಷೆ. ಕಂಬಿ ಎಂದರೆ ಹೆಗಲ ಮೇಲೆ ಹೊರುವ, ಮಲ್ಲಯ್ಯನ ಸ್ವರೂಪವೆಂದೇ ಪೂಜೆಗೊಳ್ಳುವ, ಸಿಂಗರಿಸಿದ ಬಿದಿರಿನ ಅಡ್ಡೆ. ಅಡ್ಡಮಳೆ ಎಂದರೆ ಮುಂಗಾರಿನ ಲೆಕ್ಕಕ್ಕೂ ಹಿಂಗಾರಿನ ಲೆಕ್ಕಕ್ಕೂ ಸೇರದೆ ಬೇಸಿಗೆಯ ನಡುವೆ ಬೀಳುವ ಮಳೆ. ಕಾಫಿ ಸೀಮೆಯವರು ಇದನ್ನೇ ಹೂಮಳೆಯೆಂದೂ ತೋಟದವರು ಮಾವಿನ ಮಳೆಯೆಂದೂ ಕರೆದು ಆದರಿಸುತ್ತಾರೆ. ಇದರ ಹುಟ್ಟನ್ನು ಹವಾಮಾನಶಾಸ್ತ್ರವು ಹೀಗೆ ವಿವರಿಸುತ್ತದೆ: ಮಾರ್ಚ್ ತಿಂಗಳ ಹೊತ್ತಿಗೆ ಒಳನಾಡಿನ ನೆಲ ಕಾದು ಗಾಳಿ ಮೇಲಕ್ಕೇಳುತ್ತದೆ, ವಿದರ್ಭ, ಮರಾಠವಾಡಗಳ ಕಡೆಯಿಂದ ಕರ್ನಾಟಕದ ಒಳನಾಡನ್ನು ಹಾಯ್ದು ದಕ್ಷಿಣಕ್ಕೆ ಚಾಚುವ ಕಡಿಮೆ ಒತ್ತಡದ ಪಟ್ಟಿಯೊಂದರ ಗುಂಟ ಎರಡು ದಿಕ್ಕಿನ ಗಾಳಿಗಳು ಸಂಧಿಸುತ್ತವೆ, ಕಡಲಿನಿಂದ ತೇವ ಬಂದು ಕೂಡಿಕೊಂಡರೆ ಮಧ್ಯಾಹ್ನದೊಳಗೆ ಮೋಡ ಗೋಪುರದಷ್ಟು ಎತ್ತರಕ್ಕೆ ಬೆಳೆದು, ಇಳಿಹೊತ್ತಿಗೆ ಮೊದಲು ಧೂಳು, ಆಮೇಲೆ ಗುಡುಗು, ಆಮೇಲೆ ಮಳೆ, ಮನಸ್ಸು ಬಂದರೆ ಆಣೆಕಲ್ಲು, ಎಲ್ಲವೂ ತಾಸೊಪ್ಪತ್ತಿನಲ್ಲಿ ಮುಗಿದುಹೋಗುತ್ತವೆ. ಇತ್ತ ಪಾದಯಾತ್ರಿಕನು ಬಿಸಿಲಿಗೆ ಅಂಜಿ ನಸುಕಿನಲ್ಲೇ ಎದ್ದು ನಡೆದು, ಹೊತ್ತೇರಿದ ಮೇಲೆ ದಾಸೋಹದ ಪೆಂಡಾಲಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ ಮುಗಿಸಿ ಮಲಗಿ, ಬಿಸಿಲು ಇಳಿಯಿತೆಂದು ನಾಲ್ಕರ ಸುಮಾರಿಗೆ ಮತ್ತೆ ರಸ್ತೆಗೆ ಇಳಿಯುತ್ತಾನೆ. ಮೋಡವೂ ಸರಿಯಾಗಿ ಅದೇ ಹೊತ್ತಿಗೆ ಕೆಲಸಕ್ಕೆ ಹಾಜರಾಗುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಇಬ್ಬರಿಗೂ ವೇಳಾಪಟ್ಟಿ ಹಾಕಿಕೊಟ್ಟವನು ಸೂರ್ಯನೇ.

ಇನ್ನು ಅಧಿಕರಣ. ಮೀಮಾಂಸಕರು ಒಂದು ಪ್ರಶ್ನೆಯನ್ನು ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಮುಂತಾದ ಅಂಗಗಳಾಗಿ ಒಡೆದು ತೀರ್ಮಾನಿಸುವ ಕ್ರಮಕ್ಕೆ ಈ ಹೆಸರು. ಇಲ್ಲಿ ವಿಷಯವು ಮುನ್ಸೂಚನೆ. ಅದನ್ನು ನೋಡಿ ಯಾತ್ರಿಕನು ಹೊರಡುವ ದಿನವನ್ನು ಬದಲಿಸಬಹುದೇ ಎಂಬುದು ಸಂಶಯ. ಬದಲಿಸಬಹುದು, ಇಲ್ಲವಾದರೆ ನೋಡುವುದೇತಕ್ಕೆ ಎಂಬುದು ಪೂರ್ವಪಕ್ಷ. ಸಿದ್ಧಾಂತವು ಈ ಪಕ್ಷವನ್ನು ಒಂದೇ ಮಾತಿನಲ್ಲಿ ಖಂಡಿಸುತ್ತದೆ: ಯುಗಾದಿ ಮುಂದೆ ಹೋಗುವುದಿಲ್ಲ. ಚೈತ್ರ ಶುದ್ಧ ಪಾಡ್ಯದ ಹೊತ್ತಿಗೆ ಬೆಟ್ಟದ ಮೇಲಿರಬೇಕೆಂದರೆ, ಊರಿನ ದೂರವನ್ನು ದಿನದ ನಡಿಗೆಯಿಂದ ಭಾಗಿಸಿದಾಗ ಬರುವ ದಿನವೇ ಹೊರಡುವ ದಿನ. ಆ ಲೆಕ್ಕದಲ್ಲಿ ಮಳೆಗೆ ಅಂಕಣವೇ ಇಲ್ಲ. ಇದಕ್ಕಿಂತ ಬಲವಾದ ಇನ್ನೊಂದು ಹೇತುವೂ ಉಂಟು. ಭ್ರಮರಾಂಬೆ ಕನ್ನಡ ನಾಡಿನ ಮಗಳು, ಮಲ್ಲಿಕಾರ್ಜುನ ಅಳಿಯ ಎಂಬುದು ಈ ಭಕ್ತರ ಪರಂಪರಾಗತ ನಂಬಿಕೆಯಾಗಿದ್ದು, ಹಬ್ಬಕ್ಕೆ ಸೀರೆ, ಕುಪ್ಪಸ, ಅರಿಷಿಣ-ಕುಂಕುಮ ಕಟ್ಟಿಕೊಂಡು ಹೊರಟ ತವರಿನವರು 'ಉತ್ತರ ಒಳನಾಡಿನಲ್ಲಿ ಹಳದಿ ಎಚ್ಚರಿಕೆ ಇತ್ತು, ಅದಕ್ಕೆ ಬರಲಿಲ್ಲ' ಎಂದು ಬೀಗರ ಮನೆಗೆ ಹೇಳಿ ಕಳಿಸುವುದು ಯಾವ ಸ್ಮೃತಿಗೂ ಸಮ್ಮತವಲ್ಲ. ಹೀಗೆ ಮುನ್ಸೂಚನೆಯು ಕಾರ್ಯಕ್ಕೆ ಅನುಪಯುಕ್ತವೆಂದು ಸಿದ್ಧವಾಯಿತು. ಅನುಪಯುಕ್ತವಾದ್ದರಿಂದಲೇ ಅದನ್ನು ದಿನಕ್ಕೆ ಹತ್ತು ಸಲ ನೋಡಲು ಅಡ್ಡಿಯಿಲ್ಲ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಏಕೆಂದರೆ ಉಪಯುಕ್ತವಾದ ಮಾಹಿತಿಯನ್ನು ಒಮ್ಮೆ ನೋಡಿದವನು ಎದ್ದು ಏನಾದರೂ ಮಾಡಬೇಕಾಗುತ್ತದೆ.

ಪ್ರಾಚೀನರು ಈ ವಿಷಯದಲ್ಲಿ ಹಿಂದೆ ಬಿದ್ದವರಲ್ಲ. ಗೌತಮನ ನ್ಯಾಯಸೂತ್ರವು ಅನುಮಾನದಲ್ಲಿ ಬಗೆಗಳನ್ನು ಹೇಳಿದ್ದು, ಅವುಗಳಲ್ಲಿ ಕಾರಣವನ್ನು ಕಂಡು ಕಾರ್ಯವನ್ನು ಊಹಿಸುವುದು ಪೂರ್ವವತ್, ಕಾರ್ಯವನ್ನು ಕಂಡು ಕಾರಣವನ್ನು ಊಹಿಸುವುದು ಶೇಷವತ್. ಭಾಷ್ಯಕಾರ ವಾತ್ಸ್ಯಾಯನನು ಮೊದಲನೆಯದಕ್ಕೆ ಮೋಡ ಕಂಡು ಮಳೆಯನ್ನೂ, ಎರಡನೆಯದಕ್ಕೆ ತುಂಬಿದ ಹೊಳೆ ಕಂಡು ಆಗಿಹೋದ ಮಳೆಯನ್ನೂ ಊಹಿಸುವ ಉದಾಹರಣೆ ಕೊಟ್ಟಿರುವುದನ್ನು ನೋಡಿದರೆ, ಭಾರತೀಯ ತರ್ಕಶಾಸ್ತ್ರವು ಛತ್ರಿ ಮರೆತು ಬಂದವರ ನಡುವೆ ಬೆಳೆಯಿತೆಂಬ ಸಂದೇಹ ಬಾರದಿರದು. ಇದಕ್ಕೆ ಆಕ್ಷೇಪವೂ ಆ ಸೂತ್ರಗಳಲ್ಲೇ ಇದೆ: ಹೊಳೆ ಏರಿದ್ದು ಕೆಳಗೆ ತಡೆ ಕಟ್ಟಿದ್ದರಿಂದ ಇರಬಹುದು, ಇರುವೆ ಮೊಟ್ಟೆ ಹೊತ್ತು ಸಾಗಿದ್ದು ಗೂಡು ಕೆಟ್ಟಿದ್ದರಿಂದ ಇರಬಹುದು, ನವಿಲು ಕೂಗಿತೆಂದುಕೊಂಡದ್ದು ಮನುಷ್ಯನ ಅನುಕರಣೆ ಇರಬಹುದು. ಗೌತಮನು ಈ ಆಕ್ಷೇಪವನ್ನು ತಳ್ಳಿಹಾಕಿದನಾದರೂ, ಪಾದಯಾತ್ರೆಯ ದಾರಿಯಲ್ಲಿ ಆಕ್ಷೇಪಕನದೇ ಮೇಲುಗೈಯೆಂದು ಒಪ್ಪಬೇಕಾಗುತ್ತದೆ. ಆಲಮಟ್ಟಿ, ನಾರಾಯಣಪುರಗಳಲ್ಲಿ ಅಣೆಕಟ್ಟು ಎದ್ದ ಮೇಲೆ ಕೃಷ್ಣೆಯ ನೀರು ಏರಿದ್ದು ಮೋಡದಿಂದಲೋ ಗೇಟಿನಿಂದಲೋ ಎಂದು ದಂಡೆಯಲ್ಲಿ ನಿಂತು ಹೇಳಲಾಗದು. ಇರುವೆಯ ಸಾಲು ಹೊರಟಿರುವುದು ಹೆಚ್ಚಾಗಿ ಯಾರದೋ ಬುತ್ತಿಯ ಬೆಲ್ಲದ ಕಡೆಗೆ. ನವಿಲಿನ ಕೂಗಂತೂ ಮುಂದೆ ನಡೆಯುವವರ ಜೇಬಿನ ರಿಂಗ್‌ಟೋನ್ ಆಗಿರುವ ಸಂಭವವನ್ನು ಇಂದಿನ ನೈಯಾಯಿಕನು ಮೊದಲು ಪರಿಶೀಲಿಸತಕ್ಕದ್ದು.

6ನೆಯ ಶತಮಾನದ ವರಾಹಮಿಹಿರನ ಮತ ಇನ್ನೂ ಕಠಿಣ. ಬೃಹತ್ಸಂಹಿತೆಯ ಪ್ರಕಾರ ಮೋಡವು ಗರ್ಭ ಕಟ್ಟಿದ 195 ದಿನಗಳಿಗೆ ಮಳೆ ಹಡೆಯುತ್ತದೆ, ಮತ್ತು ಗರ್ಭದ ಲೆಕ್ಕ ಮಾರ್ಗಶಿರದಿಂದ ಆರಂಭ. ಫಾಲ್ಗುಣ ಬಹುಳದಲ್ಲಿ ಲಿಂಗಸುಗೂರಿನ ಆಚೆ ಯಾತ್ರಿಕನ ತಲೆಯ ಮೇಲೆ ಬಿದ್ದ ಮಳೆಯಿಂದ 195 ದಿನ ಹಿಂದಕ್ಕೆ ಎಣಿಸಿದರೆ ಮಾರ್ಗಶಿರವಲ್ಲ, ಭಾದ್ರಪದದ ಆಸುಪಾಸು ಸಿಗುತ್ತದೆ. ಅಂದರೆ ಅಡ್ಡಮಳೆಗೆ ಶಾಸ್ತ್ರೋಕ್ತವಾದ ಹುಟ್ಟೇ ಇಲ್ಲ. ಶಾಸ್ತ್ರದಲ್ಲಿ ಇಲ್ಲದ ಮಳೆಯಲ್ಲಿ ನೆನೆದವನು ನೆನೆದಂತಾಯಿತೇ ಎಂಬ ಸೂಕ್ಷ್ಮ ಪ್ರಶ್ನೆ ಇಲ್ಲಿ ಹುಟ್ಟುತ್ತದೆಯಾದರೂ, ಒದ್ದೆ ಪಂಚೆ ಹಿಂಡುತ್ತಿರುವವರ ಎದುರು ಅದನ್ನು ಎತ್ತದಿರುವುದು ಲೇಸು.

ಪಂಚಾಂಗದ ನೆರವು ಪಡೆಯೋಣವೆಂದರೆ ಅಲ್ಲಿನ ತೊಡಕು ಆಡಳಿತಾತ್ಮಕವಾದದ್ದು. ಪ್ರತಿ ಸಂವತ್ಸರಕ್ಕೂ ರಾಜ, ಮಂತ್ರಿ, ಸಸ್ಯಾಧಿಪತಿ, ಮೇಘಾಧಿಪತಿ ಮೊದಲಾದ ನವನಾಯಕರು ನೇಮಕವಾಗುತ್ತಾರೆ. ಎಷ್ಟು ಕೊಳಗ ಮಳೆ, ಅದರಲ್ಲಿ ಸಮುದ್ರಕ್ಕೆಷ್ಟು, ಬೆಟ್ಟಕ್ಕೆಷ್ಟು, ಭೂಮಿಗೆಷ್ಟು ಎಂಬ ಹಂಚಿಕೆಯನ್ನು ಯುಗಾದಿಯ ದಿನ ಗುಡಿಯಲ್ಲಿ ಓದಿ ಹೇಳುತ್ತಾರೆ. ಆದರೆ ಪಾದಯಾತ್ರೆ ನಡೆಯುವುದು ಯುಗಾದಿಯ ಹಿಂದಿನ ದಿನಗಳಲ್ಲಿ, ಹಳೆಯ ಸಂವತ್ಸರದ ಕಟ್ಟಕಡೆಯ ಪಕ್ಷದಲ್ಲಿ. ಆಗ ಅಧಿಕಾರದಲ್ಲಿರುವ ಮೇಘಾಧಿಪತಿಯ ಸ್ಥಿತಿ ಚುನಾವಣೆ ಘೋಷಣೆಯಾದ ಮೇಲಿನ ಉಸ್ತುವಾರಿ ಸರ್ಕಾರದ ಸಚಿವನಂತಿದ್ದು, ಹೊಸ ಕಾಮಗಾರಿ ಆರಂಭಿಸುವ ಹಕ್ಕೂ ಅವನಿಗಿಲ್ಲ, ಆದ ಅನಾಹುತಕ್ಕೆ ಉತ್ತರ ಕೊಡುವ ಹೊಣೆಯೂ ಇಲ್ಲ. ರೈತರ ಮಳೆನಕ್ಷತ್ರಗಳ ಸಾಲೂ ಹೀಗೆಯೇ: ಅದು ಏಪ್ರಿಲ್ ಮಧ್ಯದಲ್ಲಿ ಸೂರ್ಯ ಅಶ್ವಿನಿಗೆ ಬಂದಾಗ ಹೊಸದಾಗಿ ಶುರುವಾಗುವುದರಿಂದ, ಉತ್ತರಾಭಾದ್ರೆ, ರೇವತಿಗಳ ಕಾಲದಲ್ಲಿ ನಡೆಯುವವನು ಸಾಲಿನ ಬಾಲದಲ್ಲಿ ಸಿಕ್ಕಿಕೊಳ್ಳುತ್ತಾನೆ. ಮೈಲಾರದ ಕಾರಣಿಕವಾದರೂ ಭರತ ಹುಣ್ಣಿಮೆಯ ಜಾತ್ರೆಯಲ್ಲೇ, ಅಂದರೆ ಯಾತ್ರೆಗೆ ಸಾಕಷ್ಟು ಮುಂಚೆಯೇ ಆಗುತ್ತದೆ. ಗೊರವಯ್ಯನು ಬಿಲ್ಲನ್ನೇರಿ 'ಸದ್ದಲೇ' ಎಂದು ಜನಸಾಗರವನ್ನು ಸುಮ್ಮನಾಗಿಸಿ, ಒಂದೇ ಒಂದು ವಾಕ್ಯ ನುಡಿದು ಕೆಳಕ್ಕೆ ಧುಮುಕುತ್ತಾನೆ. ಆ ವಾಕ್ಯ ಮಳೆಯನ್ನು ಕುರಿತದ್ದೋ ಮುಖ್ಯಮಂತ್ರಿಯನ್ನು ಕುರಿತದ್ದೋ ಎಂಬ ಚರ್ಚೆ ಮುಗಿಯುವಷ್ಟರಲ್ಲಿ ಕಂಬಿ ರಾಯಚೂರು ದಾಟಿರುತ್ತದೆ.

ಆಧುನಿಕ ಪ್ರಮಾಣಕ್ಕೆ ಬಂದರೆ, 1875ರಲ್ಲಿ ಸ್ಥಾಪನೆಯಾದ ಭಾರತ ಹವಾಮಾನ ಇಲಾಖೆಯ ಮಾತಿನಲ್ಲಿ ಪ್ರತಿ ಪದಕ್ಕೂ ತೂಕವುಂಟು, ಕೇಳುವವನು ಆ ತೂಕವನ್ನು ಹೊರುವುದಿಲ್ಲ ಅಷ್ಟೆ. 'ಉತ್ತರ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಹಗುರ ಮಳೆಯಾಗುವ ಸಾಧ್ಯತೆ ಇದೆ' ಎಂಬಲ್ಲಿ 'ಒಂದೆರಡು ಕಡೆ' ಎಂದರೆ ಆ ಪ್ರದೇಶದ ಮಾಪನ ಕೇಂದ್ರಗಳಲ್ಲಿ ಶೇ 25ರವರೆಗೆ ಎಂದರ್ಥ. 24 ಗಂಟೆಯಲ್ಲಿ 2.5 ಮಿಲಿಮೀಟರ್ ಆದರೂ ಬೀಳದಿದ್ದರೆ ಅದನ್ನು ಮಳೆಯ ದಿನವೆಂದು ಎಣಿಸುವುದಿಲ್ಲ. ಯಾತ್ರಿಕನಿಗೆ 'ಒಂದೆರಡು ಕಡೆ' ಎಂದರೆ ತನ್ನ ತಲೆ ಮತ್ತು ತನ್ನ ಹಾಸಿಗೆ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ ಮಳೆಯ ಲೆಕ್ಕವನ್ನು ಬೆಳಿಗ್ಗೆ 8.30ಕ್ಕೆ ಅಳೆದು ಆ ದಿನಾಂಕಕ್ಕೆ ಬರೆಯುವ ಪದ್ಧತಿಯಿರುವುದರಿಂದ, ಸೋಮವಾರ ಸಂಜೆ ತೊಯ್ದು ತೊಪ್ಪೆಯಾದವನು ಸರ್ಕಾರಿ ದಾಖಲೆಯಲ್ಲಿ ಮಂಗಳವಾರ ತೊಯ್ದಿರುತ್ತಾನೆ. ಎಚ್ಚರಿಕೆಯ ಬಣ್ಣಗಳ ಪೈಕಿ ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಯಾತ್ರಿಕನು ಮೂರೂ ಬಣ್ಣಗಳಿಗೆ ನಡೆಯುವುದೆಂಬ ಒಂದೇ ಕ್ರಮವನ್ನು ಕೈಗೊಳ್ಳುತ್ತಾನೆ. ಮೇಲಾಗಿ ಮೂರು ರಾಜ್ಯಗಳು ಕೂಡುವ ಈ ಸೀಮೆಯಲ್ಲಿ ಬೆಂಗಳೂರು ಕೇಂದ್ರದ ಮುನ್ಸೂಚನೆ ಗಡಿಗೆ ಮುಗಿದು, ಆಚೆಗೆ ರಾಯಲಸೀಮೆಯ ಮುನ್ಸೂಚನೆ ತೆಲುಗಿನಲ್ಲಿ ಶುರುವಾಗುತ್ತದೆ. ಮೋಡಕ್ಕೆ ಮಾತ್ರ ಚೆಕ್‌ಪೋಸ್ಟಿನಲ್ಲಿ ತಡೆಯಿಲ್ಲ. 2019ರಲ್ಲಿ ರೈತರಿಗಾಗಿ ಬಂದ ಹವಾಮಾನದ ಆ್ಯಪಿಗೆ 'ಮೇಘದೂತ್' ಎಂದು ಹೆಸರಿಟ್ಟಿದ್ದಾರೆ. ಕಾಳಿದಾಸನ ಯಕ್ಷನು ಮೋಡದ ಕೈಯಲ್ಲಿ ಸುದ್ದಿ ಕಳಿಸಿದ್ದನು, ಈಗ ಮೋಡದ ಚಾಡಿಯನ್ನೇ ಯಕ್ಷನಿಗೆ ಹೇಳುವ ಏರ್ಪಾಡಾಗಿರುವುದನ್ನು ಆಲಂಕಾರಿಕರು ಗಮನಿಸಬೇಕು. ಸಿಡಿಲಿನ ಮುನ್ನೆಚ್ಚರಿಕೆ ಕೊಡುವ 'ದಾಮಿನಿ' ಮಾತ್ರ ಈ ಅಣಕಿನ ಆಚೆಗೆ ನಿಲ್ಲತಕ್ಕದ್ದು. ಎರೆಭೂಮಿಯ ಬಯಲಿನಲ್ಲಿ ಕಣ್ಣಿಗೆ ಬೀಳುವ ಒಂದೇ ಆಸರೆ ಒಂಟಿ ಬೇವಿನ ಮರವಾಗಿದ್ದು, ಗುಡುಗುವಾಗ ಅದರ ಬುಡಕ್ಕೆ ಓಡುವುದು ಪ್ರಾಣಕ್ಕೆ ಎರವು. ಮರಗಾಲು ಕಟ್ಟಿಕೊಂಡು ನಡೆಯುವ ಹರಕೆಯವರು ಇಂಥ ಹೊತ್ತಿನಲ್ಲಿ ಕೆಳಗಿಳಿದರೆ ಮಲ್ಲಯ್ಯ ತಪ್ಪು ಹಿಡಿಯಲಾರನು.

ಪ್ರಬಂಧದ ಅತ್ಯಂತ ಜಟಿಲವಾದ ಸಮಸ್ಯೆಯನ್ನು 'ಮಣೂಕ ವಿರೋಧಾಭಾಸ' ಎಂದು ಕರೆಯಬಹುದು. ಮಣೂಕ ಎಂದರೆ ಒಣದ್ರಾಕ್ಷಿ. ವಿಜಯಪುರ ಸೀಮೆಯಲ್ಲಿ ದ್ರಾಕ್ಷಿ ಕಟಾವಾಗಿ, ನೆರಳಿನ ಶೆಡ್ಡುಗಳಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರಡಿ ಒಣಗುವ ಕಾಲವೂ ಪಾದಯಾತ್ರೆಯ ಕಾಲವೂ ಒಂದೇ. ಇಳಿಹೊತ್ತಿನ ಒಂದು ಮಳೆ, ಅದರ ಬೆನ್ನಿಗೆ ಎರಡು ದಿನದ ಮೋಡ ಬಂದರೆ ಸಾಕು, ಹಣ್ಣು ಬಣ್ಣಗೆಟ್ಟು ದರ ಬೀಳುತ್ತದೆ. ಈಗ ಶೆಡ್ಡಿನಲ್ಲಿ ದ್ರಾಕ್ಷಿ ಹರಡಿ, ತಮ್ಮನನ್ನು ಕಾವಲಿಗೆ ಬಿಟ್ಟು, ಬರಿಗಾಲಿನಲ್ಲಿ ಹೊರಟ ಭಕ್ತನೊಬ್ಬನ ಪ್ರಾರ್ಥನೆಯನ್ನು ವಿಶ್ಲೇಷಿಸೋಣ. ಡಾಂಬರು ಕಾದು ಅಂಗಾಲು ಸುಡುವಾಗ ಅವನು 'ಮಲ್ಲಯ್ಯಾ, ಒಂದೀಟು ಮಾಡ ಮುಸುಕಲೆಪಾ' ಎನ್ನುತ್ತಾನೆ. ಮೋಡ ಮುಸುಕಿದ ಕೂಡಲೇ ಮನೆಗೆ ಫೋನು ಹಚ್ಚಿ 'ಅಲ್ಲೇನರ ಮಾಡ ಐತೇನಲೆ?' ಎಂದು ಕೇಳುತ್ತಾನೆ. ಒಂದೇ ದೇವರಿಗೆ, ಒಂದೇ ಮಧ್ಯಾಹ್ನ, ಒಂದೇ ಆಕಾಶದ ಬಗ್ಗೆ ಸಲ್ಲಿಸಿದ ಈ ಎರಡು ಅರ್ಜಿಗಳನ್ನು ಏಕಕಾಲಕ್ಕೆ ಮಂಜೂರು ಮಾಡುವುದು ಸರ್ವಜ್ಞನಿಗೂ ಕಷ್ಟವೆಂದು ತಾರ್ಕಿಕರು ಹೇಳಿಯಾರು. ಆದರೆ ಅಡ್ಡಮಳೆಯು ಒಂದು ಊರಿಗೆ ಸುರಿದು ಪಕ್ಕದ ಊರಿನಲ್ಲಿ ಧೂಳೆಬ್ಬಿಸಿ ಹೋಗುವ ಸ್ವಭಾವದ್ದಾದ್ದರಿಂದ ಇದು ಅಸಾಧ್ಯವಲ್ಲ. ನಿಜ ನೋಡಿದರೆ 'ಒಂದೆರಡು ಕಡೆ' ಎಂಬ ಇಲಾಖೆಯ ಮಾತೇ ಆ ಭಕ್ತನಿಗೆ ಉಳಿದಿರುವ ಏಕೈಕ ಆಶ್ವಾಸನೆ. ಅವನು ಮುನ್ಸೂಚನೆ ನೋಡುವುದು ತಾನಿರುವ ಊರಿಗಲ್ಲ, ಬಿಟ್ಟುಬಂದ ಊರಿಗೆ ಎಂಬುದನ್ನು ಗ್ರಹಿಸದಿದ್ದರೆ ಪಾದಯಾತ್ರೆಯ ಹವಾಮಾನಶಾಸ್ತ್ರದ ಅರ್ಧ ಭಾಗ ಕೈತಪ್ಪುತ್ತದೆ.

ಸಿದ್ಧತೆಯ ಸಾಮಗ್ರಿಗಳಲ್ಲಿ ಚರ್ಚೆಗೆ ಯೋಗ್ಯವಾದದ್ದು ತಾಡಪತ್ರಿಯೊಂದೇ. ತಂಡದ ಹಿಂದೆ ಬರುವ ಟಂಟಂ ಗಾಡಿಯಲ್ಲಿ ಅದು ಮಡಿಚಿಕೊಂಡು ಕೂತಿರುತ್ತದೆ. ಬಿಡಿಸಿ ಬಿಸಿಲಿಗೆ ಹಿಡಿದರೆ ನಕ್ಷತ್ರಮಂಡಲ ಕಾಣಿಸುತ್ತದೆ. ಮಳೆ ಬಂದಾಗ ಅದನ್ನು ಅಕ್ಕಿಚೀಲಕ್ಕೆ ಹೊದಿಸಬೇಕೋ ಹಿರಿಯರಿಗೆ ಹೊದಿಸಬೇಕೋ ಎಂಬ ಧರ್ಮಸಂಕಟದಲ್ಲಿ ಅಕ್ಕಿಚೀಲವೇ ಗೆಲ್ಲುತ್ತದೆ, ಮನುಷ್ಯ ಒಣಗುತ್ತಾನೆ, ಅಕ್ಕಿ ಮುಗ್ಗುತ್ತದೆ ಎಂಬ ನ್ಯಾಯದಿಂದ. ಉಳಿದವರು ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ತುರುಕಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ದಾಸೋಹದ ಪೆಂಡಾಲಿಗೆ ನುಗ್ಗುತ್ತಾರೆ. ಪೆಂಡಾಲಿನ ಬಟ್ಟೆ ನೀರು ತುಂಬಿ ಹೊಟ್ಟೆ ಬಿಟ್ಟಾಗ ಸೇವಾಕರ್ತನೊಬ್ಬ ಬಿದಿರಿನ ಗಳದಿಂದ ಅದನ್ನು ಮೆಲ್ಲಗೆ ಮೇಲಕ್ಕೆತ್ತುತ್ತಾನೆ, ಮತ್ತು ಆ ನೀರಷ್ಟೂ ಅಂಚಿನಲ್ಲಿ ಹೋಳಿಗೆ ಹಿಡಿದು ನಿಂತವನ ಬೆನ್ನಿನೊಳಗೆ ಇಳಿಯುತ್ತದೆ. ಈ ಬಗೆಯ ಮಳೆಗೆ ಇಲಾಖೆಯಲ್ಲಿ ಇನ್ನೂ ವರ್ಗೀಕರಣವಿಲ್ಲ.

ಮಳೆ ನಿಂತ ಮೇಲಿನ ಸ್ಥಿತಿ ಎರಡು ಬಗೆ. ರಸ್ತೆ ಬಿಟ್ಟು ಹೊಲದ ಒಳದಾರಿ ಹಿಡಿದವರ ಕಾಲಿಗೆ ಎರೆಮಣ್ಣು ಹೆಜ್ಜೆಗೊಂದು ಪದರದಂತೆ ಮೆತ್ತಿಕೊಂಡು, ಪ್ರತಿ ಪಾದವೂ ಒಂದು ಪ್ರತ್ಯೇಕ ಹರಕೆಯಾಗುತ್ತದೆ. ಡಾಂಬರು ಹಿಡಿದವರಿಗೆ ಅದೇ ಮಳೆ ಪ್ರಸಾದ. ಆತ್ಮಕೂರು, ವೆಂಕಟಾಪುರ ದಾಟಿ ನಲ್ಲಮಲದ ಕಾಡು ಹೊಕ್ಕ ಮೇಲಂತೂ, ನಾಗಲೂಟಿ, ಪೆದ್ದಚೆರುವು, ಭೀಮನಕೊಳದ ಆ ನೀರಿಲ್ಲದ ದಾರಿಯಲ್ಲಿ ಹನಿ ಬಿದ್ದರೆ ಯಾರೂ ದೂರುವುದಿಲ್ಲ. ಕೈಲಾಸದ್ವಾರದ ಕಡೆಗೆ ಏರುವ, 14ನೆಯ ಶತಮಾನದ ದೊರೆ ಪ್ರೋಲಯ ವೇಮಾರೆಡ್ಡಿಯ ಹೆಸರಿಗೆ ಸಲ್ಲುವ ಕಲ್ಲುಮೆಟ್ಟಿಲುಗಳು ಜಾರುವಾಗ ಮಾತ್ರ 'ಮಲ್ಲಯ್ಯಾ' ಎಂಬ ಕೂಗು ಸ್ವಲ್ಪ ಗಟ್ಟಿಯಾಗುತ್ತದೆ. ಕಾಡಿನೊಳಗೆ ಮೊಬೈಲಿಗೆ ಸಿಗ್ನಲ್ ದುರ್ಲಭವಾದ್ದರಿಂದ, ಮುನ್ಸೂಚನೆಯ ವ್ಯಾಪ್ತಿಯೂ ಅಲ್ಲಿಗೇ ಮುಗಿಯುತ್ತದೆ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ಹೋದ ಅಕ್ಕಮಹಾದೇವಿಯ ಸೌಲಭ್ಯಗಳಿಗೂ ಇಂದಿನ ಯಾತ್ರಿಕನ ಸೌಲಭ್ಯಗಳಿಗೂ ಈ ಹಂತದಲ್ಲಿ ವ್ಯತ್ಯಾಸ ತೋರಿಸುವುದು ಸಂಶೋಧಕರಿಗೆ ಕಷ್ಟ.

ಯುಗಾದಿಯ ದರ್ಶನ ಮುಗಿಸಿ ಮರಳುವವರು ಬಹುತೇಕ ಬಸ್ಸು ಹತ್ತುತ್ತಾರೆ. ಹೊಸ ಸಂವತ್ಸರ, ಹೊಸ ರಾಜ, ಹೊಸ ಮಂತ್ರಿ ಬಂದು, ಅಶ್ವಿನಿ ಮಳೆಯೂ ಹತ್ತಿರವಾಗಿರುವಾಗ, ಸರಿಯಲು ಒಲ್ಲದ ಕಿಟಕಿಯ ಗಾಜಿನ ಪಕ್ಕದ ಸೀಟು ಯಾರಿಗೆ ಬರುತ್ತದೆ ಎಂಬುದು ಹವಾಮಾನಶಾಸ್ತ್ರಕ್ಕಿಂತ ಹೆಚ್ಚಾಗಿ ಟವೆಲ್ ಎಸೆದು ಸೀಟು ಹಿಡಿಯುವ ಶಾಸ್ತ್ರಕ್ಕೆ ಸೇರಿದ್ದರಿಂದ, ಅದನ್ನು ಬೇರೊಂದು ಪ್ರಬಂಧಕ್ಕೆ ಬಿಡಲಾಗಿದೆ.